ಉಚಿತವೇ ಮುಕ್ತವೇ: ನುಡಿ–ಬರಹ ವಿವಾದವನ್ನು ಪಣಕಹಳ್ಳಿಯ ಕಡೆಯಿಂದ ಓದುವುದು

ಕನ್ನಡ ತಂತ್ರಾಂಶದ ಚರಿತ್ರೆಯನ್ನು ಬರೆಯುವವರು ನುಡಿ–ಬರಹ ವಿವಾದದ ಹತ್ತಿರ ಬಂದಾಗ ಎರಡು ಗುಂಪಾಗುತ್ತಾರೆ. ಸರ್ಕಾರ ಒಂದು ಶಿಷ್ಟತೆಯನ್ನು ಸಾರಿ ಅಕ್ಷರಗಳ ಅರಾಜಕತೆಗೆ ಕೊನೆ ಹಾಡಿತು, ನುಡಿ ಅದರ ಫಲ ಎನ್ನುವುದು ಒಂದು ಗುಂಪಿನ ಮಾತು. ಒಬ್ಬ ವ್ಯಕ್ತಿ ಕಟ್ಟಿದ ತಂತ್ರಾಂಶದ ನೆರಳಲ್ಲಿ ಸರ್ಕಾರಿ ತಂತ್ರಾಂಶ ಬೆಳೆಯಿತು, ಅದೇ ನಡೆದ ಅನ್ಯಾಯ ಎನ್ನುವುದು ಇನ್ನೊಂದು ಗುಂಪಿನ ಮಾತು. ಈ ಲೇಖನ ಎರಡನ್ನೂ ಒಪ್ಪುವುದಿಲ್ಲ. ಯಾರು ಯಾರದನ್ನು ನಕಲು ಮಾಡಿದರು ಎಂಬ ಪ್ರಶ್ನೆಗೆ ಎರಡೂ ಕಡೆಯವರು ಜೋತುಬಿದ್ದದ್ದರಿಂದ, ಯಾರು ಯಾವುದನ್ನು ತಿದ್ದಬಹುದು ಎಂಬ ಪ್ರಶ್ನೆ ಕೇಳದೆ ಹೋಯಿತು. ಆ ಎರಡನೆಯ ಪ್ರಶ್ನೆ ಬೆಂಗಳೂರಿನಲ್ಲಿ ಕುಳಿತವರಿಗಿಂತ ಕರ್ನಾಟಕದ ಆದೇಶ ತಲುಪದ ಕನ್ನಡ ಊರುಗಳಿಂದ ನೋಡಿದವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಅಂಥ ಒಂದು ಊರಾಗಿ ಇಲ್ಲಿ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆಯ ಪಣಕಹಳ್ಳಿಯನ್ನು ಇಟ್ಟುಕೊಂಡಿದ್ದೇನೆ.

ತಕರಾರಿಲ್ಲದ ಸಂಗತಿಗಳನ್ನು ಮೊದಲು ಚುಟುಕಾಗಿ ಹೇಳಬಹುದು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಕೀಲಿಗಳಲ್ಲೇ ಕನ್ನಡ ವರ್ಣಮಾಲೆಯನ್ನು ಧ್ವನಿಯ ತರ್ಕದಂತೆ ಕೂರಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರು ಹೊತ್ತ ಸೇಡಿಯಾಪು ತಂತ್ರಾಂಶ ಅವರದೇ. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ 1998ರಲ್ಲಿ ಹೊರಬಂದು ಮನೆಮನೆಗೆ ತಲುಪಿತು. ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ ನುಡಿಯನ್ನು ಸಿದ್ಧಪಡಿಸಿತು. ರಾವ್ ಅವರ ಕೀಲಿಮಣೆ ವಿನ್ಯಾಸ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಸರ್ಕಾರದ ಅಧಿಕೃತ ವಿನ್ಯಾಸವಾಯಿತು. ನುಡಿಯ ಮೊದಲ ರೂಪ ಬರಹಕ್ಕೆ ಋಣಿ ಎಂಬ ಆರೋಪ ಬಹಿರಂಗವಾಗಿ ಕೇಳಿಬಂತು, ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟ ಯೂನಿಕೋಡ್ 1991ರಿಂದಲೇ ಇದ್ದರೂ ಕಚೇರಿಗಳಲ್ಲಿ ಅದು ಬಳಕೆಗೆ ಬಂದದ್ದು ಬಹಳ ತಡವಾಗಿ. ಇಷ್ಟರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯ ಹುಟ್ಟುವುದು ‘ಶಿಷ್ಟತೆ’ ಎಂಬ ಒಂದೇ ಪದದೊಳಗೆ ಮೂರು ಬೇರೆಬೇರೆ ವಸ್ತುಗಳನ್ನು ತುರುಕಿದಾಗ. ಮೊದಲನೆಯದು ಕೀಲಿಮಣೆ ವಿನ್ಯಾಸ, ಅಂದರೆ ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬ ಒಪ್ಪಂದ. ಎರಡನೆಯದು ಸಂಕೇತ ಕೋಷ್ಟಕ, ಅಂದರೆ ಕಡತದೊಳಗೆ ಯಾವ ಅಂಕಿ ಯಾವ ಆಕಾರವನ್ನು ಸೂಚಿಸುತ್ತದೆ ಎಂಬ ಪಟ್ಟಿ. ಮೂರನೆಯದು ಫಾಂಟಿನ ರೇಖೆಗಳು ಮತ್ತು ಅದನ್ನು ನಡೆಸುವ ಪ್ರೋಗ್ರಾಮು. ‘ಕನ್ನಡ’ ಎಂಬ ಪದವೊಂದನ್ನೇ ಹಿಡಿದು ನೋಡಿದರೆ ಈ ಮೂರರ ನಡುವಿನ ಅಂತರ ತಿಳಿಯುತ್ತದೆ. ರಾವ್ ಅವರ ವಿನ್ಯಾಸದಲ್ಲಿ ಅದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಕೀಲಿಗಳು ಸಾಕು. ಎಫ್ ಇಲ್ಲಿ ಒತ್ತಕ್ಷರವನ್ನು ಬೆಸೆಯುವ ಕೊಂಡಿ. ಯೂನಿಕೋಡಿನಲ್ಲಿಯೂ ಅದು ಐದೇ ಅಂಕಿ: ಕ, ನ, ವಿರಾಮ ಚಿಹ್ನೆ, ನ, ಡ. ಆದರೆ ನುಡಿ–ಬರಹಗಳ 256 ಸ್ಥಾನಗಳ ಫಾಂಟ್ ಸಂಕೇತದಲ್ಲಿ ಅದೇ ಪದ ಏಳು ತುಂಡಾಗುತ್ತದೆ: ಕಕಾರದ ಒಡಲು, ಅದರ ತಲೆಕಟ್ಟು, ನಕಾರದ ಒಡಲು, ಅದರ ತಲೆಕಟ್ಟು, ನಕಾರದ ಒತ್ತು, ಡಕಾರದ ಒಡಲು, ಅದರ ತಲೆಕಟ್ಟು. ಮೊದಲ ಎರಡು ಕ್ರಮಗಳು ನಾಲಿಗೆಯನ್ನು ಹಿಂಬಾಲಿಸುತ್ತವೆ, ಮೂರನೆಯದು ಅಚ್ಚುಮೊಳೆ ಜೋಡಿಸುವವನ ಕೈಯನ್ನು. ಉಚ್ಚಾರದಲ್ಲಿ ಮೊದಲು ಬರುವ ರಕಾರವು ಅರ್ಕಾವತ್ತಾದಾಗ ಅಂಥ ಕಡತದಲ್ಲಿ ಮುಂದಿನ ಅಕ್ಷರದ ಬೆನ್ನಿಗೆ ಕೂರುತ್ತದೆ. ಆದ್ದರಿಂದ ಆ ಸಂಕೇತದ ಕಡತವನ್ನು ಅಕಾರಾದಿಯಾಗಿ ಜೋಡಿಸಲು ಬೇರೆಯೇ ಏರ್ಪಾಡು ಬೇಕು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಕೊಂಬು–ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ.

ಈಗ ವಿವಾದದ ಗಂಟಿಗೆ ಬರೋಣ. ನುಡಿಯ ಕಡತವೂ ಬರಹದ ಕಡತವೂ ಬಹುಮಟ್ಟಿಗೆ ಒಂದೇ ಕೋಷ್ಟಕದಂತೆ ಓದಿಸಿಕೊಳ್ಳುತ್ತವೆ. ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈ ಎರಡನ್ನೂ ಒಂದೇ ಪಟ್ಟಿಯಿಂದ ನಿಭಾಯಿಸುತ್ತವೆ. ಇದನ್ನು ನಕಲಿಗೆ ಸಾಕ್ಷಿ ಎಂದು ಹಿಡಿದವರಿದ್ದಾರೆ. ನನ್ನ ಮಟ್ಟಿಗೆ ಇದು ಯಾವ ಕಡೆಗೂ ಸಾಕ್ಷಿಯಲ್ಲ. ಶಿಷ್ಟತೆಯ ಕೆಲಸವೇ ಎಲ್ಲರ ಕೋಷ್ಟಕವನ್ನೂ ಒಂದಾಗಿಸುವುದು. ಅದನ್ನು ಪಾಲಿಸಿದ ಎರಡು ತಂತ್ರಾಂಶಗಳ ಕೋಷ್ಟಕ ಒಂದೇ ಇರದಿದ್ದರೆ ಅಚ್ಚರಿಪಡಬೇಕಿತ್ತು. ಒಂದು ದೇಶದ ರೈಲುಗಳೆಲ್ಲ ಒಂದೇ ಅಗಲದ ಹಳಿಯ ಮೇಲೆ ಓಡುತ್ತವೆಂಬುದರಿಂದ ಒಂದು ಎಂಜಿನ್ನು ಇನ್ನೊಂದರ ನಕಲು ಎಂದಾಗುವುದಿಲ್ಲ. ಹಾಗೆಂದು ಅದು ಸ್ವಂತದ್ದು ಎಂದೂ ಆಗುವುದಿಲ್ಲ. ಎಂಜಿನ್ನನ್ನು ಬಿಚ್ಚಿ ನೋಡಬೇಕು. ತಂತ್ರಾಂಶದಲ್ಲಿ ಬಿಚ್ಚಿ ನೋಡುವುದೆಂದರೆ ಫಾಂಟಿನ ರೇಖೆಗಳನ್ನು ಹೋಲಿಸುವುದು ಮತ್ತು ಪ್ರೋಗ್ರಾಮಿನ ಸೋರ್ಸ್ ಕೋಡ್ ಓದುವುದು. ಎರಡೂ ತಂತ್ರಾಂಶಗಳು ಓದುಗರ ಕೈಗೆ ಸಿಕ್ಕಿದ್ದು ಕೋಡ್ ಮುಚ್ಚಿದ ಸ್ಥಿತಿಯಲ್ಲಿ. ಆದಕಾರಣ ನಕಲೋ ಅಲ್ಲವೋ ಎಂಬ ಪ್ರಶ್ನೆ ಸಾರ್ವಜನಿಕರ ಪಾಲಿಗೆ ಉತ್ತರಿಸಲು ಬಾರದ ಪ್ರಶ್ನೆಯಾಗಿಯೇ ಹುಟ್ಟಿತು. ವಿವಾದದಲ್ಲಿ ಯಾರ ಪಕ್ಷ ಸರಿ ಎಂದು ಈ ಲೇಖನ ತೀರ್ಪು ಕೊಡುವುದಿಲ್ಲ. ತೀರ್ಪು ಸಾಧ್ಯವಾಗದಂತೆ ಮಾಡಿದ್ದು ಪರವಾನಗಿಯ ಸ್ವರೂಪ ಎನ್ನುವುದಷ್ಟೇ ಇಲ್ಲಿನ ವಾದ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿ ಎಂದೇ ಗಣಿಸುತ್ತದೆ. ಎರಡು ಕಾವ್ಯಗಳ ನಡುವೆ ಕೃತಿಚೌರ್ಯದ ಆರೋಪ ಬಂದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುತ್ತೇವೆ. ಇಲ್ಲಿ ಓದಲು ಪಠ್ಯವೇ ಇರಲಿಲ್ಲ.

ಇಲ್ಲಿಂದ ಮುಂದಿನ ಹೆಜ್ಜೆ ಸ್ವಲ್ಪ ಸಾಹಸದ್ದು. ಇಂಗ್ಲಿಷಿನಲ್ಲಿ ದುಡ್ಡಿಲ್ಲದ್ದಕ್ಕೂ ಸ್ವತಂತ್ರವಾದದ್ದಕ್ಕೂ ಒಂದೇ ಪದವಿರುವುದರಿಂದ ರಿಚರ್ಡ್ ಸ್ಟಾಲ್‌ಮನ್ ಅವರಂಥವರು ದಶಕಗಟ್ಟಲೆ ವ್ಯಾಖ್ಯಾನ ಬರೆಯಬೇಕಾಯಿತು. ಕನ್ನಡಕ್ಕೆ ಆ ತೊಡಕಿಲ್ಲ. ನಮ್ಮಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಆದರೂ ನಮ್ಮ ಚರ್ಚೆ ಉಚಿತದಲ್ಲೇ ನಿಂತಿತು. ಬರಹ ಉಚಿತವಾಗಿತ್ತು, ಮುಂದೆ ಅದರ ಹೊಸ ಆವೃತ್ತಿಗಳಿಗೆ ಬೆಲೆ ಬಂತು. ಅದು ಕರ್ತೃವಿನ ನ್ಯಾಯವಾದ ಹಕ್ಕು, ಆಕ್ಷೇಪಿಸುವಂತಿಲ್ಲ. ಆದರೆ ಉಚಿತವೆಂಬುದನ್ನು ಕೊಟ್ಟವರು ಹಿಂತೆಗೆದುಕೊಳ್ಳಬಲ್ಲರು ಎಂಬುದಕ್ಕೆ ಅದು ನಿದರ್ಶನ. ನುಡಿ ಉಚಿತವಾಗಿಯೇ ಉಳಿಯಿತು, ಆದರೆ ಬಹುಕಾಲ ವಿಂಡೋಸ್ ಒಂದರಲ್ಲೇ ನಡೆಯಿತು. ಬೇರೆ ವ್ಯವಸ್ಥೆಗೆ ಅದನ್ನು ಒಗ್ಗಿಸಿಕೊಳ್ಳುವ ದಾರಿ ಬಳಸುವವನಿಗೆ ಇರಲಿಲ್ಲ. ಹೀಗೆ ನೋಡಿದರೆ, ಜಗಳವಾಡಿದ ಎರಡೂ ತಂತ್ರಾಂಶಗಳು ಬಳಕೆದಾರನೆದುರು ಒಂದೇ ಪಕ್ಷದಲ್ಲಿದ್ದವು. ಈ ಮಾತನ್ನು ಅಳತೆಯಿಟ್ಟೇ ಹೇಳುತ್ತಿದ್ದೇನೆ. ಮುಕ್ತ ಪರವಾನಗಿ ಇದ್ದಿದ್ದರೆ ಕನ್ನಡ ಗಣಕೀಕರಣ ಬೇಗ ಆಗುತ್ತಿತ್ತು ಎಂದು ಇದರಿಂದ ಸಾಧಿತವಾಗುವುದಿಲ್ಲ. 1990ರ ದಶಕದ ಕೊನೆಯಲ್ಲಿ ದುಡ್ಡು ಕೊಡದೆ ಕನ್ನಡದಲ್ಲಿ ಬರೆಯುವುದು ಸಾಧ್ಯವಾದದ್ದೇ ದೊಡ್ಡ ಸಂಗತಿ, ಅದನ್ನು ಸಾಧಿಸಿದವರ ಶ್ರಮ ಸಣ್ಣದಲ್ಲ. ನನ್ನ ವಾದ ಮುಂದಿನ ಹಂತಕ್ಕೆ ಸೀಮಿತ: ಸಾರ್ವಜನಿಕ ಶಿಷ್ಟತೆಯಾಗಿ ಒಂದು ವಸ್ತುವನ್ನು ಸಾರಿದ ಮೇಲೆ ಅದನ್ನು ತಿದ್ದುವ ಹಕ್ಕನ್ನೂ ಸಾರ್ವಜನಿಕಗೊಳಿಸದಿದ್ದರೆ, ಸಾರಿದವರ ಅಧಿಕಾರ ಮುಗಿಯುವಲ್ಲೇ ಆ ಶಿಷ್ಟತೆಯೂ ಮುಗಿಯುತ್ತದೆ.

ಪಣಕಹಳ್ಳಿ ಈ ವಾದಕ್ಕೆ ಬೇಕಾಗುವುದು ಇಲ್ಲಿಯೇ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿಯ ಕನ್ನಡ ಹಳ್ಳಿಗಳು ಮದರಾಸಿನಲ್ಲೇ ಉಳಿದವು. ಚಾಮರಾಜನಗರ ಹತ್ತಿರವಿದ್ದರೂ ಕಚೇರಿಯ ಕೆಲಸಕ್ಕೆ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲದ ಮೇಲೆ ಈರೋಡಿಗೆ ಹೋಗಬೇಕು. ಗಡಿಯ ಆ ಬದಿಯಲ್ಲಿ ಭೂಮಿ ಯೋಜನೆಯ ಪಹಣಿ ಕನ್ನಡದಲ್ಲಿ, ಈ ಬದಿಯಲ್ಲಿ ಪಟ್ಟಾ–ಚಿಟ್ಟಾ ತಮಿಳಿನಲ್ಲಿ. ಸಂಕೇತಗಳ ಕಥೆಯೂ ಹಾಗೆಯೇ. ತಮಿಳುನಾಡು ಸರ್ಕಾರ 1999ರಲ್ಲಿ ತಮಿಳ್‌ನೆಟ್99 ಕೀಲಿಮಣೆಯನ್ನೂ ಟ್ಯಾಮ್, ಟ್ಯಾಬ್ ಸಂಕೇತಗಳನ್ನೂ ತಮಿಳಿಗಾಗಿ ಒಪ್ಪಿತು. ಕರ್ನಾಟಕ ಸರ್ಕಾರ ನುಡಿಯನ್ನು ತನ್ನ ಕಚೇರಿಗಳಿಗಾಗಿ ಒಪ್ಪಿತು. ಎರಡೂ ಸರ್ಕಾರಗಳು ತಮ್ಮ ತಮ್ಮ ಕರ್ತವ್ಯವನ್ನೇ ಮಾಡಿದವು. ಆದರೆ ತಮಿಳುನಾಡಿನೊಳಗಿನ ಕನ್ನಡಕ್ಕೆ ಈ ಎರಡು ಆದೇಶಗಳಲ್ಲಿ ಯಾವುದೂ ಆದೇಶವಾಗಲಿಲ್ಲ. ಪಣಕಹಳ್ಳಿಯ ಕನ್ನಡಿಗ ನುಡಿಯನ್ನು ಬಳಸಬಾರದೆಂದೇನಿಲ್ಲ. ಆದರೆ ಅವನ ಬಳಕೆ ಕೊಡುಗೆಯ ಮೇಲೆ ನಿಂತದ್ದು, ಹಕ್ಕಿನ ಮೇಲಲ್ಲ. ಅದರಲ್ಲೊಂದು ದೋಷ ಕಂಡರೆ ದೂರಲು ಅವನಿಗೆ ಅಲ್ಲಿ ಮತದಾರನ ಸ್ಥಾನವಿಲ್ಲ, ಇಲ್ಲಿ ಸಂಬಂಧಪಟ್ಟ ಇಲಾಖೆಯಿಲ್ಲ. ತಾನೇ ತಿದ್ದಿಕೊಳ್ಳೋಣವೆಂದರೆ ಕೋಡ್ ಇಲ್ಲ.

ಮೂರು ವಸ್ತುಗಳ ಮುಂದಿನ ಗತಿ ಈ ವಾದವನ್ನು ಪರೀಕ್ಷಿಸಲು ಒಳ್ಳೆಯ ಒರೆಗಲ್ಲು. ಕೀಲಿಮಣೆ ವಿನ್ಯಾಸದ ಮೇಲೆ ಕೆ.ಪಿ. ರಾವ್ ಒಡೆತನ ಸಾಧಿಸಲಿಲ್ಲ. ಹೀಗಾಗಿ ಅದು ಯಾರ ಅಪ್ಪಣೆಯನ್ನೂ ಕೇಳದೆ ಪಯಣಿಸಿತು. ಲಿನಕ್ಸಿನ ಎಂ17ಎನ್ ಸಂಗ್ರಹದಲ್ಲಿ ‘ಕೆಜಿಪಿ’ ಹೆಸರಿನಲ್ಲಿ ಅದಿದೆ, ವಿಕಿಪೀಡಿಯದ ಬೆರಳಚ್ಚು ಸಲಕರಣೆಯಲ್ಲೂ ಇದೆ. ಫಾಂಟುಗಳಲ್ಲಿಯೂ ಮುಕ್ತವಾದವು ಹೀಗೆಯೇ ಹಬ್ಬಿದವು. ರೆಡ್ ಹ್ಯಾಟ್ ಸಂಸ್ಥೆಯ ಲೋಹಿತ್ ಫಾಂಟುಗಳು ಮೊದಲು ಜಿಪಿಎಲ್ ಅಡಿಯಲ್ಲಿ, 2011ರಿಂದ ಮುಕ್ತ ಫಾಂಟ್ ಪರವಾನಗಿಯಡಿ ಬಂದವು. ಕನ್ನಡಿಗರೇ ರೂಪಿಸಿದ ಗುಬ್ಬಿ, ನವಿಲು ಫಾಂಟುಗಳು ಲಿನಕ್ಸ್ ವಿತರಣೆಗಳೊಳಗೆ ಸೇರಿಹೋದವು. ವಿ. ಕೃಷ್ಣ ಅವರ ಅಲರ್ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ದತ್ತಾಂಶವಾಗಿ ಹೊರಬಂತು. ಒಡೆತನದಲ್ಲಿ ಸಿಕ್ಕಿಕೊಂಡ ಏಳು ತುಂಡಿನ ಸಂಕೇತ ಮಾತ್ರ ಹಳೆಯ ಕಡತಗಳ ಹೂಳಾಗಿ ಉಳಿಯಿತು. ಕರ್ನಾಟಕ ಸರ್ಕಾರವೂ ಕೊನೆಗೆ ಯೂನಿಕೋಡಿನತ್ತ ತಿರುಗಿತು. ಸರ್ಕಾರಿ ಶಿಷ್ಟತೆಯಲ್ಲಿ ಬಾಳಿದ್ದು ಯಾರಿಗೂ ಸೇರದಿದ್ದ ಭಾಗವೇ ಎಂಬುದು ಕಾಕತಾಳೀಯವಾಗಿರಬಹುದು. ಯೂನಿಕೋಡ್ ಬಂದಮೇಲೆ ಹಳೆಯ ಸಂಕೇತ, ಮುಕ್ತವಾಗಿದ್ದರೂ, ಹೇಗೂ ಹಿಂದೆ ಸರಿಯುತ್ತಿತ್ತು ಎಂಬ ತಾಂತ್ರಿಕ ಕಾರಣವನ್ನು ನಾನು ತಳ್ಳಿಹಾಕಲಾರೆ. ಆದರೆ ಕೀಲಿಮಣೆಗೂ ಇನ್‌ಸ್ಕ್ರಿಪ್ಟ್ ಎಂಬ ಕೇಂದ್ರ ಸರ್ಕಾರದ ಪ್ರತಿಸ್ಪರ್ಧಿಯಿತ್ತು, ಅದು ಎಲ್ಲ ಗಣಕಗಳಲ್ಲೂ ಸಿಗುತ್ತಿತ್ತು. ಅದರೆದುರು ರಾವ್ ವಿನ್ಯಾಸ ಉಳಿದದ್ದನ್ನು ತಾಂತ್ರಿಕ ಕಾರಣವೊಂದರಿಂದಲೇ ವಿವರಿಸುವುದು ಕಷ್ಟ.

ಆಕ್ಷೇಪಗಳು ಮುಖ್ಯವಾಗಿ ಮೂರು. ಮೊದಲನೆಯದು, ಅಧಿಕಾರವಿಲ್ಲದೆ ಶಿಷ್ಟತೆ ನಿಲ್ಲದು, ಸರ್ಕಾರ ಕೈಹಾಕದಿದ್ದರೆ ಒಂದೊಂದು ಡಿಟಿಪಿ ಅಂಗಡಿಗೂ ಒಂದೊಂದು ಲಿಪಿಯಾಗುತ್ತಿತ್ತು ಎಂಬುದು. ಇದು ನಿಜ. ಆದರೆ ಆಯ್ಕೆ ಮಾಡುವ ಅಧಿಕಾರ ಬೇರೆ, ಒಡೆತನ ಬೇರೆ. ಭಾರತ ಸರ್ಕಾರವೇ 2010ರಲ್ಲಿ ಇ–ಆಡಳಿತಕ್ಕೆ ಮುಕ್ತ ಶಿಷ್ಟತೆಗಳ ನೀತಿಯನ್ನೂ 2015ರಲ್ಲಿ ಮುಕ್ತ ತಂತ್ರಾಂಶದ ನೀತಿಯನ್ನೂ ತಂದಾಗ ಈ ವ್ಯತ್ಯಾಸವನ್ನು ಒಪ್ಪಿಕೊಂಡಂತಾಯಿತು. ಎರಡನೆಯದು, ಬೆಟ್ಟದ ಹಳ್ಳಿಯಲ್ಲಿ ಸೋರ್ಸ್ ಕೋಡ್ ಓದುವವರು ಯಾರಿದ್ದಾರೆ ಎಂಬ ಕೇಳ್ವಿ. ಊರ ಕೆರೆಯ ಹೂಳನ್ನು ಊರಿನವರೆಲ್ಲ ಇಳಿದು ಎತ್ತುವುದಿಲ್ಲ, ಆದರೆ ಎತ್ತಬಲ್ಲವನು ಬಂದ ದಿನ ಅವನನ್ನು ತಡೆಯುವ ಬೇಲಿ ಇರಬಾರದು. ಈ ಮಾತು ಕಲ್ಪನೆಯದಲ್ಲ: ಕೇರಳ ಸರ್ಕಾರ ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನು ತಂದಾಗ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ವ್ಯವಸ್ಥೆಯಲ್ಲಿ ಕನ್ನಡ ದೊರೆಯಿತು. ಅದಕ್ಕೆ ಕರ್ನಾಟಕದ ಆದೇಶ ಬೇಕಾಗಲಿಲ್ಲ. ಮೂರನೆಯ ಆಕ್ಷೇಪ ಗಟ್ಟಿಯಾದುದು: ಯೂನಿಕೋಡನ್ನು ನಡೆಸುವುದೂ ಹೊರದೇಶದ ಕಂಪನಿಗಳು ತುಂಬಿದ ಒಂದು ಕೂಟವಲ್ಲವೆ? ಹೌದು. ಹಳಗನ್ನಡದ ೞಕಾರಕ್ಕೆ ಅದು ‘ಫ’ ಎಂಬ ತಪ್ಪು ಹೆಸರು ಕೊಟ್ಟಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬ ನಿಯಮದಿಂದಾಗಿ ತಿದ್ದುಪಡಿ ಒಂದು ಪರ್ಯಾಯ ಹೆಸರಾಗಿ ಮಾತ್ರ ಬಂತು. ಅಂದರೆ ತಿದ್ದುವ ಹಕ್ಕು ಅಲ್ಲಿಯೂ ಪೂರ್ಣವಾಗಿಲ್ಲ. ಆದರೆ ಆ ಕೋಷ್ಟಕ ಎಲ್ಲರ ಕಣ್ಣಿಗೂ ತೆರೆದಿದೆ, ಬಳಸಲು ಯಾರಿಗೂ ತೆರ ಕಟ್ಟಬೇಕಿಲ್ಲ, ಪ್ರಸ್ತಾವವನ್ನು ಯಾರೂ ಸಲ್ಲಿಸಬಹುದು. ಹಳೆಯ ಶಾಸನ–ಹಸ್ತಪ್ರತಿಗಳ ನಕಾರಪೊಲ್ಲು 2021ರಲ್ಲಿ ಸ್ಥಾನ ಪಡೆದದ್ದು ಆ ದಾರಿಯಿಂದಲೇ. ತಪ್ಪು ಯಾವುದು ಎಂದು ಅಲ್ಲಿ ಬೆರಳಿಟ್ಟು ತೋರಿಸಬಹುದು. ನುಡಿ–ಬರಹ ವಿವಾದದಲ್ಲಿ ಅಷ್ಟೂ ಆಗಲಿಲ್ಲ.

ಹಾಗಾಗಿ ಈ ವಿವಾದವನ್ನು ಕೃತಿಚೌರ್ಯದ ಪ್ರಕರಣವೆಂದು ಓದುವುದನ್ನು ಬಿಟ್ಟು, ಸಾರ್ವಜನಿಕ ವಸ್ತುವಿಗೆ ಸಾರ್ವಜನಿಕ ಪರವಾನಗಿ ಇಲ್ಲದಿದ್ದುದರ ಪ್ರಕರಣವೆಂದು ಓದುವುದು ಹೆಚ್ಚು ಫಲಕಾರಿ ಎಂದು ನನಗೆ ತೋರುತ್ತದೆ. ಇದು ಹಳೆಯ ಪ್ರಶ್ನೆಯನ್ನು ಮುಗಿಸುವುದಿಲ್ಲ. ಫಾಂಟಿನ ರೇಖೆಗಳನ್ನು ಒಂದೊಂದಾಗಿ ಹೋಲಿಸುವ ಅಧ್ಯಯನಕ್ಕೆ ಈಗಲೂ ಜಾಗವಿದೆ, ಅದರ ಫಲ ಯಾವ ಕಡೆಗೆ ಬಂದರೂ ಇಲ್ಲಿನ ವಾದಕ್ಕೆ ಬಾಧೆಯಿಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತ ತುರ್ತಿನದು. ಏಳು ತುಂಡಿನ ಸಂಕೇತದಲ್ಲಿ ಬರೆದಿಟ್ಟ ಸ್ಮರಣ ಸಂಚಿಕೆ, ಶಾಲೆಯ ಪ್ರಶ್ನೆಪತ್ರಿಕೆ, ದೇವಸ್ಥಾನದ ಲೆಕ್ಕಗಳು ಗಡಿಯ ಎರಡೂ ಬದಿಯಲ್ಲಿವೆ. ಕರ್ನಾಟಕದೊಳಗಿನ ಕಡತಗಳನ್ನು ಪರಿವರ್ತಿಸುವ ಹೊಣೆ ಯಾರದೆಂದು ಊಹಿಸಬಹುದು. ಪಣಕಹಳ್ಳಿಯಂಥ ಊರಿನ ಕಡತದ ಹೊಣೆ ಯಾರದು ಎಂಬುದಕ್ಕೆ ಶಿಷ್ಟತೆಯ ಚರಿತ್ರೆಯಲ್ಲಿ ಉತ್ತರವಿಲ್ಲ, ಪರವಾನಗಿಯ ಚರಿತ್ರೆಯಲ್ಲಿ ಹುಡುಕಬೇಕು.