ಒಂದು ಊರಿನ ಎರಡು ಬೀದಿಗಳು

ನಮ್ಮ ಆಲಂಕಾರಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ನಗರವರ್ಣನೆಯೂ ಒಂದು. ನಗರವೆಂದ ಮೇಲೆ ಅಂಗಡಿಬೀದಿ ಬರಲೇಬೇಕು. ಹೂ ಮಾರುವವರು, ಗಂಧ ಮಾರುವವರು, ರತ್ನದ ವರ್ತಕರು, ಕೊಳ್ಳಲು ಬಂದವರು, ಕೊಳ್ಳದೆ ಸುಮ್ಮನೆ ನೋಡುತ್ತ ನಡೆಯುವವರು, ಇವರೆಲ್ಲ ಸೇರಿದಾಗಲೇ ಕವಿಯ ಕಣ್ಣಿಗೆ ಅದು ಬೀದಿ. ಪೇಟೆಯ ಬೀದಿ ಮೊದಲು ಜನ ಕೂಡುವ ಜಾಗ, ಆಮೇಲೆ ಹಾದುಹೋಗುವ ದಾರಿ. ಇಪ್ಪತ್ತನೆಯ ಶತಮಾನ ಈ ಕ್ರಮವನ್ನು ತಲೆಕೆಳಗು ಮಾಡಿತು. ಹಾದುಹೋಗುವುದೇ ಮುಖ್ಯವಾಗಿ, ಕೂಡುವುದು ಅಡಚಣೆಯಾಯಿತು. ಈ ಕ್ರಮವನ್ನು ಮತ್ತೆ ಸರಿಪಡಿಸಲು ನಡೆದ ಪ್ರಯತ್ನಗಳ ಚರಿತ್ರೆ ಸ್ವಾರಸ್ಯವಾದುದು. ಆ ಚರಿತ್ರೆಯ ಒಂದು ತುಣುಕನ್ನು ಇಲ್ಲಿ ನೋಡೋಣ.

ಬೀದಿಯ ಇಕ್ಕಟ್ಟು ಮೋಟಾರಿನೊಡನೆ ಹುಟ್ಟಿದ್ದಲ್ಲ. ಕ್ರಿ.ಪೂ. ಮೊದಲನೆಯ ಶತಮಾನದಲ್ಲಿ, ಜೂಲಿಯಸ್ ಸೀಸರನ ಹೆಸರಿನೊಡನೆ ಸೇರಿಕೊಂಡ ಕಾನೂನೊಂದು, ಸೂರ್ಯೋದಯದಿಂದ ಹಗಲಿನ ಹತ್ತನೆಯ ತಾಸಿನವರೆಗೆ ರೋಮ್ ನಗರದೊಳಗೆ ಗಾಡಿ ಓಡಿಸುವುದನ್ನು ನಿಷೇಧಿಸಿತು. ದೇವಾಲಯ ಕಟ್ಟಲು ಸಾಮಗ್ರಿ ಸಾಗಿಸುವಂಥ ಕೆಲವು ಕೆಲಸಗಳಿಗೆ ಮಾತ್ರ ವಿನಾಯಿತಿ ಇತ್ತು. ಹಗಲಿನ ಬೀದಿ ಹಗುರವಾಯಿತು. ಆದರೆ ಒಂದೂವರೆ ಶತಮಾನ ಕಳೆದ ಮೇಲೆ ಜುವೆನಲ್ ಕವಿ ತನ್ನ ವಿಡಂಬನಕಾವ್ಯದಲ್ಲಿ, ಇಕ್ಕಟ್ಟಿನ ಬೀದಿಗಳಲ್ಲಿ ರಾತ್ರಿಯೆಲ್ಲ ಉರುಳುವ ಗಾಡಿಗಳ ಸದ್ದಿನಿಂದ ರೋಮಿನಲ್ಲಿ ನಿದ್ರೆಯೇ ಬಾರದೆಂದು ಗೋಳಾಡಿದ. ಹಗಲಿನ ಕಷ್ಟ ತೀರಿರಲಿಲ್ಲ. ರಾತ್ರಿಗೆ ವರ್ಗವಾಗಿತ್ತು, ಅಷ್ಟೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಕಥೆಗೆ ಹೋಗೋಣ.

ಇಂಗ್ಲೆಂಡಿನ ಪೂರ್ವಭಾಗದಲ್ಲಿ ನಾರ್ಫಕ್ ಪ್ರಾಂತದ ಮುಖ್ಯ ಪಟ್ಟಣವಾದ ನಾರಿಚ್ ಇದೆ. ಇಂಗ್ಲಿಷಿನ ಅಕ್ಷರಗಳಂತೆ ಓದಿದರೆ ಅದು ನಾರ್ವಿಚ್. ಅಲ್ಲಿಯ ಜನ ಅನ್ನುವುದು ನಾರಿಚ್ ಎಂದೇ. 1096ರಲ್ಲಿ ಕಟ್ಟಲಾರಂಭಿಸಿದ ಮಹಾದೇವಾಲಯ, ದಿಬ್ಬದ ಮೇಲೊಂದು ಕೋಟೆ, ನಾರ್ಮನರ ಕಾಲದಿಂದ ನಡೆದುಬಂದ ಮಾರುಕಟ್ಟೆ, ನಡುವೆ ಸುತ್ತಿ ಹರಿಯುವ ವೆನ್ಸಮ್ ನದಿ, ಇವು ಆ ಊರಿನ ಲಕ್ಷಣಗಳು. ಉಣ್ಣೆಯ ನೇಯ್ಗೆಯಿಂದ ಸಿರಿವಂತವಾಗಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ನಂತರದ ಸ್ಥಾನಕ್ಕೆ ಏರಿದ್ದ ಊರದು. ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಉತ್ತರದ ಪಟ್ಟಣಗಳು ಮುಂದಾದವು, ನಾರಿಚ್ ಹಿಂದುಳಿಯಿತು. ಹಿಂದುಳಿದುದರಿಂದಲೇ ಅದರ ಹಳೆಯ ಡೊಂಕು ಬೀದಿಗಳು ಬಹುಮಟ್ಟಿಗೆ ಉಳಿದುಕೊಂಡವು. 1942ರ ಏಪ್ರಿಲಿನಲ್ಲಿ ಜರ್ಮನರ ಬಾಂಬುಗಳು ಬಿದ್ದು ಊರಿನ ಹಲವು ಭಾಗಗಳು ಸುಟ್ಟುಹೋದವು. ಯುದ್ಧ ಮುಗಿದಾಗ ಆ ಊರಿನವರ ಮುಂದೆ ಎರಡು ಪ್ರಶ್ನೆಗಳಿದ್ದವು: ಹಾಳಾದುದನ್ನು ಹೇಗೆ ಕಟ್ಟುವುದು, ಉಳಿದುದನ್ನು ಹೇಗೆ ಉಳಿಸುವುದು.

ಎರಡನೆಯ ಪ್ರಶ್ನೆಗೆ ಮೊದಲ ಉತ್ತರ ಬಂದದ್ದು ನದಿಯ ಉತ್ತರದ ದಡದಲ್ಲಿರುವ ಮ್ಯಾಗ್ಡಲೆನ್ ಬೀದಿಯಿಂದ. ಅದು ದೊಡ್ಡವರ ಬೀದಿಯಲ್ಲ. ಚಿಕ್ಕ ಅಂಗಡಿಗಳ ಬೀದಿ. ಆದರೂ ಅದಕ್ಕೊಂದು ಚರಿತ್ರೆಯಿದೆ. ಸೆರೆಮನೆಗಳ ಸುಧಾರಣೆಗೆ ಬಾಳು ಸವೆಸಿದ ಎಲಿಜಬೆತ್ ಫ್ರೈ 1780ರಲ್ಲಿ ಹುಟ್ಟಿದ್ದು ಈ ಬೀದಿಯ ಗರ್ನಿ ಅಂಗಳದಲ್ಲಿ. ಲೇಖಕಿ ಹ್ಯಾರಿಯೆಟ್ ಮಾರ್ಟಿನೋ 1802ರಲ್ಲಿ ಹುಟ್ಟಿದ್ದೂ ಅದೇ ಅಂಗಳದಲ್ಲಿ. 1950ರ ದಶಕದ ಹೊತ್ತಿಗೆ ಈ ಬೀದಿ ಮಂಕಾಗಿತ್ತು. ಬಣ್ಣ ಸುಲಿದ ಗೋಡೆಗಳು, ಒಂದರ ಮೇಲೊಂದು ಬಿದ್ದ ನಾಮಫಲಕಗಳು, ಅಡ್ಡಾದಿಡ್ಡಿ ತಂತಿಗಳು, ಯಾವ ಕಾಲಕ್ಕೋ ನೆಟ್ಟು ಮರೆತ ಕಂಬಗಳು, ಇವುಗಳ ಹಿಂದೆ ಹಳೆಯ ಕಟ್ಟಡಗಳ ಚೆಲುವು ಅಡಗಿಹೋಗಿತ್ತು.

1957ರಲ್ಲಿ ಡಂಕನ್ ಸ್ಯಾಂಡಿಸ್ ಎಂಬ ರಾಜಕಾರಣಿ ಸಿವಿಕ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಊರುಗಳ ಅಂದವನ್ನು ಕಾಯುವುದು ಅದರ ಉದ್ದೇಶ. ಆ ಸಂಸ್ಥೆಯೂ ನಾರಿಚ್ ನಗರಸಭೆಯೂ ಕೂಡಿ ಮ್ಯಾಗ್ಡಲೆನ್ ಬೀದಿಯನ್ನು ಆರಿಸಿಕೊಂಡವು. ವಿನ್ಯಾಸಕಾರ ಮಿಶಾ ಬ್ಲ್ಯಾಕ್ ಕೆಲಸದ ಹೊಂದಾಣಿಕೆಯನ್ನು ನೋಡಿಕೊಂಡರು. ಯಾವ ಮನೆಯನ್ನೂ ಕೆಡವಲಿಲ್ಲ, ಯಾರ ಮೇಲೂ ಬಲವಂತ ಹೇರಲಿಲ್ಲ. ಅಂಗಡಿಯವರನ್ನು ಒಟ್ಟುಗೂಡಿಸಿ, ಮಾತನಾಡಿ, ಒಪ್ಪಿಸಿದರು. ಒಂದು ಗೋಡೆಯ ಬಣ್ಣ ಪಕ್ಕದ ಗೋಡೆಯ ಬಣ್ಣಕ್ಕೆ ಹೊಂದಬೇಕು, ಫಲಕದ ಅಕ್ಷರಗಳು ಓದುವಂತಿರಬೇಕು, ಬೇಡದ ಕಂಬ ತಂತಿಗಳು ಹೋಗಬೇಕು. ಮಾಡಿದ್ದು ಇಷ್ಟೆ. 1959ರಲ್ಲಿ ಕೆಲಸ ಮುಗಿದಾಗ ಜನ ತಮ್ಮ ಬೀದಿಯನ್ನೇ ಹೊಸದಾಗಿ ಕಂಡರು. ಬ್ರಿಟನ್ನಿನ ನೂರಾರು ಊರುಗಳು ಈ ಮಾದರಿಯನ್ನು ಅನುಸರಿಸಿದವು.

ಇದು ಬರಿಯ ಮುಖಾಲಂಕಾರ ಎಂದು ಹಂಗಿಸುವುದು ಸುಲಭ. ಆ ಹಂಗಿನಲ್ಲಿ ಸ್ವಲ್ಪ ಸತ್ಯವೂ ಉಂಟು. ಗೋಡೆಗಳು ಬೆಳಗಿದವು, ಆದರೆ ಗೋಡೆಗಳ ನಡುವೆ ಹರಿಯುವ ಲಾರಿ ಮೋಟಾರುಗಳ ಪ್ರವಾಹ ಹಾಗೆಯೇ ಇತ್ತು. ಆದರೆ ಈ ಕೆಲಸದಿಂದ ಇನ್ನೊಂದು ಲಾಭವಾಗಿತ್ತು. ತಮ್ಮ ತಮ್ಮ ಬಾಗಿಲಿನಾಚೆ ನೋಡದಿದ್ದ ವರ್ತಕರು, ಬೀದಿಯೆಂಬುದು ತಮಗೆಲ್ಲ ಸೇರಿದ ಒಂದು ಆಸ್ತಿ ಎಂಬುದನ್ನು ಮೊದಲ ಸಲ ಅರಿತರು. ಬಣ್ಣ ಮಾಸಬಹುದು, ಈ ಅರಿವು ಅಷ್ಟು ಬೇಗ ಮಾಸುವಂಥದಲ್ಲ.

ವಾಹನದ ಪ್ರಶ್ನೆ ಆಗ ಯೂರೋಪಿನ ಎಲ್ಲ ಊರುಗಳನ್ನೂ ಕಾಡುತ್ತಿತ್ತು. ಜರ್ಮನಿಯ ಎಸ್ಸೆನ್ ನಗರ 1920ರ ದಶಕದಲ್ಲಿಯೇ ತನ್ನ ಒಂದು ಅಂಗಡಿಬೀದಿಯನ್ನು ಮೋಟಾರುಗಳಿಂದ ಬಿಡಿಸಿತ್ತು. ಯುದ್ಧದಲ್ಲಿ ನಾಶವಾಗಿದ್ದ ರಾಟರ್‌ಡ್ಯಾಮಿನಲ್ಲಿ 1953ರಲ್ಲಿ ನಡೆಯುವವರಿಗೆಂದೇ ಹೊಸ ಪೇಟೆ ಎದ್ದಿತು. 1962ರ ನವೆಂಬರ್ 17ರಂದು ಕೋಪನ್‌ಹೇಗನ್ ತನ್ನ ಮುಖ್ಯ ಪೇಟೆಯ ಉದ್ದನೆಯ ಬೀದಿಸಾಲಾದ ಸ್ಟ್ರಾಯಿಟ್ ಅನ್ನು ಪ್ರಾಯೋಗಿಕವಾಗಿ ವಾಹನಗಳಿಗೆ ಮುಚ್ಚಿತು. 1964ರಲ್ಲಿ ಅದನ್ನು ಶಾಶ್ವತಗೊಳಿಸಿತು. 1963ರಲ್ಲಿ ಬ್ರಿಟನ್ನಿನಲ್ಲಿ ಕಾಲಿನ್ ಬುಕಾನನ್ ಅವರ ಪ್ರಸಿದ್ಧ ವರದಿ ಹೊರಬಂದಿತು. ಊರನ್ನು ಒಂದು ಮನೆಗೆ ಹೋಲಿಸಿ, ಓಡಾಡಲು ಪಡಸಾಲೆಗಳು ಬೇರೆ, ಬಾಳಲು ಕೋಣೆಗಳು ಬೇರೆ ಇರಬೇಕೆಂದು ಅದು ವಾದಿಸಿತು. ಹೋಲಿಕೆ ಚೆನ್ನಾಗಿದೆ. ಆದರೆ ಕಟ್ಟಿ ಮುಗಿದ ಮನೆಯಲ್ಲಿ ಹೊಸ ಪಡಸಾಲೆ ಬೇಕಾದರೆ ಯಾರದೋ ಕೋಣೆಯ ಗೋಡೆ ಒಡೆಯಬೇಕಾಗುತ್ತದೆ. ಇದು ಹೋಲಿಕೆಯೊಳಗೇ ಅಡಗಿದ್ದ ಅಪಾಯ.

ಈಗ ನಾರಿಚ್‌ನ ಎರಡನೆಯ ಬೀದಿಗೆ ಬರೋಣ. ಕೋಟೆಯ ದಿಬ್ಬದ ಕಡೆಯಿಂದ ಮಾರುಕಟ್ಟೆಯ ಕಡೆಗೆ ಹೋಗುವ ಲಂಡನ್ ಬೀದಿ ಇಕ್ಕಟ್ಟಾದ, ಡೊಂಕಾದ ಬೀದಿ. ಕಾಲುದಾರಿಯಿಂದ ಕೆಳಗಿಳಿದರೆ ಮೋಟಾರು, ಮೇಲೇರಿದರೆ ಜನರ ನೂಕುನುಗ್ಗಲು. 1965ರಲ್ಲಿ ನೆಲದಡಿಯ ಚರಂಡಿಯ ದುರಸ್ತಿಗಾಗಿ ಇದನ್ನು ಮುಚ್ಚಬೇಕಾಯಿತು. ಬೀದಿ ಅಗೆದರೆ ವ್ಯಾಪಾರ ಕೆಡುತ್ತದೆಂಬುದು ಲೋಕದ ಅನುಭವ. ಇಲ್ಲಿ ಆದದ್ದು ಬೇರೆ. ಮೋಟಾರು ಬಾರದ ಬೀದಿಗೆ ಜನ ಹೆಚ್ಚಾಗಿ ಬಂದರು, ನಿಧಾನವಾಗಿ ನಡೆದರು, ಅಂಗಡಿಗಳತ್ತ ತಿರುಗಿ ನೋಡಿದರು. ವ್ಯಾಪಾರ ಕುಗ್ಗಲಿಲ್ಲ, ಏರಿತು. ಯಾವ ಪಂಡಿತನ ವರದಿಯೂ ಹೇಳಿ ಒಪ್ಪಿಸಲಾಗದ ಮಾತನ್ನು ಒಂದು ಚರಂಡಿ ಹೇಳಿತ್ತು.

ಅದನ್ನು ಕಿವಿಗೊಟ್ಟು ಕೇಳಿದ್ದು ನಗರದ ಯೋಜನಾಧಿಕಾರಿ ಆಲ್‌ಫ್ರೆಡ್ ವುಡ್ ಅವರ ಹೆಚ್ಚುಗಾರಿಕೆ. 1967ರಲ್ಲಿ ಲಂಡನ್ ಬೀದಿಯನ್ನು ಬೇಕೆಂದೇ, ಪರೀಕ್ಷಾರ್ಥವಾಗಿ ವಾಹನಗಳಿಗೆ ಮುಚ್ಚಲಾಯಿತು. ಇಂಥ ಕೆಲಸಕ್ಕೆ ಆಕ್ಷೇಪಗಳು ಸಹಜ. ಸರಕು ಇಳಿಸುವುದು ಹೇಗೆ? ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಬರುವುದು ಹೇಗೆ? ಇಲ್ಲಿಂದ ಹೊರಟ ವಾಹನಗಳು ಪಕ್ಕದ ಬೀದಿಯನ್ನು ಮುತ್ತಿದರೆ ಅಲ್ಲಿಯವರು ಏನು ಮಾಡಬೇಕು? ಇವು ಬರಿಯ ಹಟದ ಪ್ರಶ್ನೆಗಳಲ್ಲ. ಸಭೆಯಲ್ಲಿ ಕುಳಿತು ವರ್ಷಗಟ್ಟಲೆ ವಾದಿಸಿದರೂ ಇವುಗಳಿಗೆ ಕೊನೆಯಿಲ್ಲ. ಬೀದಿಯನ್ನು ಕೆಲವು ತಿಂಗಳು ಮುಚ್ಚಿ ನೋಡಿದರೆ ಅರ್ಧದಷ್ಟು ತಾವಾಗಿಯೇ ಬಗೆಹರಿಯುತ್ತವೆ. ಉಳಿದರ್ಧ ಯಾವುವೆಂಬುದು ತಿಳಿಯುತ್ತದೆ. ಪರೀಕ್ಷೆ ಗೆದ್ದಿತು. ಬಳಿಕ ನೆಲಗಟ್ಟು ಹಾಸಿ ಬೀದಿಯನ್ನು ಶಾಶ್ವತವಾಗಿ ನಡೆಯುವವರಿಗೆ ಬಿಟ್ಟುಕೊಟ್ಟರು. ಸ್ಟೀವನೇಜ್‌ನಂಥ ಹೊಸ ಪಟ್ಟಣದಲ್ಲಿ ನಡೆಯುವವರ ಪೇಟೆಯನ್ನು ಮೊದಲಿಂದಲೇ ಹಾಗೆ ಕಟ್ಟಿದ್ದುಂಟು. ಆದರೆ ಬ್ರಿಟನ್ನಿನಲ್ಲಿ ಹಳೆಯ ಪೇಟೆಬೀದಿಯೊಂದು ಹೀಗೆ ಪಾದಚಾರಿಗಳಿಗೆ ಮರಳಿ ದಕ್ಕಿದ್ದು ಇದೇ ಮೊದಲೆಂದು ಎಣಿಸುತ್ತಾರೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಮಂಗಳ ಹಾಡಬಹುದಾಗಿತ್ತು. ಆದರೆ ನದಿಯಾಚೆ ಬೇರೊಂದು ಕೆಲಸ ನಡೆದಿತ್ತು. ಊರಿನ ನಡುಭಾಗವನ್ನು ಬಳಸಿಹೋಗುವ ಒಳವರ್ತುಲ ರಸ್ತೆಯೊಂದು ಬೇಕೆಂದು 1945ರ ನಗರಯೋಜನೆಯಲ್ಲಿಯೇ ಬರೆದಿತ್ತು. ಆ ರಸ್ತೆಯ ಒಂದು ಭಾಗ 1972ರಲ್ಲಿ ಮೇಲ್ಸೇತುವೆಯಾಗಿ ಮ್ಯಾಗ್ಡಲೆನ್ ಬೀದಿಯನ್ನು ಅಡ್ಡಲಾಗಿ ದಾಟಿತು. ಹದಿಮೂರು ವರ್ಷಗಳ ಹಿಂದೆ ಒಂದೊಂದು ಗೋಡೆಯ ಬಣ್ಣವನ್ನೂ ಪಕ್ಕದ ಗೋಡೆಗೆ ಹೊಂದಿಸಿದ್ದ ಬೀದಿಯ ತಲೆಯ ಮೇಲೆ ಕಾಂಕ್ರೀಟಿನ ಹಾಸು ಬಂದು ಕುಳಿತಿತು. ದಾರಿಗಾಗಿ ಹಳೆಯ ಕಟ್ಟಡಗಳು ಉರುಳಿದವು. ಪಕ್ಕದಲ್ಲಿ ಆಂಗ್ಲಿಯಾ ಚೌಕವೆಂಬ ಕಾಂಕ್ರೀಟಿನ ವಾಣಿಜ್ಯ ಸಂಕೀರ್ಣ ಎದ್ದಿತು. ಬೀದಿ ಸಾಯಲಿಲ್ಲ, ಚಿಕ್ಕ ಅಂಗಡಿಗಳು ಅಲ್ಲಿ ಇಂದಿಗೂ ಬದುಕಿವೆ, ದೂರದ ನಾಡುಗಳಿಂದ ಬಂದವರೂ ಅಲ್ಲಿ ವ್ಯಾಪಾರ ನಡೆಸುತ್ತಾರೆ. ಆದರೆ ನದಿಯ ಕಡೆಯಿಂದ ನೋಡಿದರೆ ಒಂದೇ ಆಗಿ ಕಾಣುತ್ತಿದ್ದ ಬೀದಿ, ಸೇತುವೆಯ ಈಚೆ ಒಂದು, ಆಚೆ ಒಂದು ಎಂದು ಸೀಳಿಹೋಯಿತು.

ಇಲ್ಲಿ ಒಂದು ಕಠಿಣವಾದ ಮಾತನ್ನು ಆಡಲೇಬೇಕು. ಲಂಡನ್ ಬೀದಿಯನ್ನು ಕಾಪಾಡಿದವರು ಸಜ್ಜನರು, ಮ್ಯಾಗ್ಡಲೆನ್ ಬೀದಿಯನ್ನು ಸೀಳಿದವರು ದುರ್ಜನರು ಎಂದು ಕಥೆ ಹೇಳಿದರೆ ಅದು ಚರಿತ್ರೆಯಾಗುವುದಿಲ್ಲ. ಎರಡೂ ಒಂದೇ ಆಲೋಚನೆಯ ಎರಡು ಕೈಗಳು. ನಡುಪೇಟೆಯಿಂದ ವಾಹನಗಳನ್ನು ಹೊರಡಿಸಬೇಕಾದರೆ ಅವು ಹೋಗಲು ಎಲ್ಲಿಯಾದರೂ ದಾರಿ ಬೇಕು ಎಂಬುದೇ ಆ ಆಲೋಚನೆ. ರೋಮಿನ ಹಗಲಿನ ಗಾಡಿಗಳು ರಾತ್ರಿಗೆ ಹೋದಂತೆ, ನಾರಿಚ್‌ನ ನಡುಪೇಟೆಯ ಭಾರದಲ್ಲಿ ಒಂದು ಪಾಲು ನದಿಯಾಚೆಯ ಚಿಕ್ಕ ಅಂಗಡಿಗಳವರ ಹೆಗಲೇರಿತು. ಒಂದು ಬೀದಿಯ ನೆಮ್ಮದಿಗೆ ಇನ್ನೊಂದು ಬೀದಿ ಬೆಲೆ ತೆರುವುದುಂಟು. ಬೆಲೆ ತೆರುವ ಬೀದಿ ಬಹುಮಟ್ಟಿಗೆ ಬಡವರದೇ ಆಗಿರುತ್ತದೆ.

ಆದರೂ ಎರಡು ಕೆಲಸಗಳ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಲಂಡನ್ ಬೀದಿಯನ್ನು ಮುಚ್ಚಿದ್ದು ತಪ್ಪಾಗಿದ್ದರೆ, ಮರುದಿನ ಬೆಳಗ್ಗೆ ಅಡ್ಡಗಟ್ಟನ್ನು ತೆಗೆದು ಮೋಟಾರುಗಳನ್ನು ಒಳಕ್ಕೆ ಬಿಡಬಹುದಾಗಿತ್ತು. ಮೇಲ್ಸೇತುವೆಯನ್ನು ಹಾಗೆ ತೆಗೆದಿಡಲು ಬರುವುದಿಲ್ಲ. ಅರ್ಧ ಶತಮಾನ ಕಳೆದರೂ ಅದು ಅಲ್ಲಿಯೇ ನಿಂತಿದೆ. ಸುಲಭವಾಗಿ ಹಿಂದೆಗೆಯಬಹುದಾದ ಚಿಕ್ಕ ಬದಲಾವಣೆ ಪರೀಕ್ಷೆಗೆ ಒಳಗಾಯಿತು, ಹಿಂದೆಗೆಯಲಾಗದ ದೊಡ್ಡ ಬದಲಾವಣೆ ನಕ್ಷೆಯ ಬಲದ ಮೇಲೆಯೇ ನಡೆದುಹೋಯಿತು. ನಮ್ಮ ಎಚ್ಚರವೆಲ್ಲ ಚಿಕ್ಕದರ ಮೇಲೆ, ನಮ್ಮ ಧೈರ್ಯವೆಲ್ಲ ದೊಡ್ಡದರ ಮೇಲೆ! ಲೋಕದ ಅನೇಕ ಊರುಗಳ ಕಥೆ ಇದೇ.

ಬ್ರಿಟನ್ನಿನ 1984ರ ರಸ್ತೆಸಂಚಾರ ನಿಯಂತ್ರಣ ಕಾಯಿದೆಯಲ್ಲಿ ಪ್ರಾಯೋಗಿಕ ಆದೇಶಗಳಿಗೆಂದೇ ಒಂದು ವಿಧಿ ಇದೆ. ಬೀದಿಯ ಸಂಚಾರಕ್ರಮವನ್ನು ಹೆಚ್ಚೆಂದರೆ ಹದಿನೆಂಟು ತಿಂಗಳವರೆಗೆ ಬದಲಿಸಿ ನೋಡಬಹುದು; ಅಷ್ಟರೊಳಗೆ ಜನರ ಆಕ್ಷೇಪಗಳನ್ನು ಕೇಳಿ, ಉಳಿಸಬೇಕೋ ಬಿಡಬೇಕೋ ನಿರ್ಧರಿಸಬೇಕು. ಇದರ ಅರ್ಥ ಇಷ್ಟು: ಬದಲಾವಣೆಯನ್ನು ಕಣ್ಣಾರೆ ಕಂಡು, ಅದರಲ್ಲಿ ನಡೆದಾಡಿ, ಆಮೇಲೆ ಅಭಿಪ್ರಾಯ ಹೇಳುವ ಹಕ್ಕು ಪೌರನಿಗೆ ಸಿಕ್ಕಿತು. ನಕ್ಷೆ ಓದಲು ಬಾರದವನಿಗೂ ಬೀದಿಯನ್ನು ಓದಲು ಬರುತ್ತದೆ.

ಪ್ರಯೋಗದ ಈ ಮಾರ್ಗ ನಮಗೂ ಹೊಸದಲ್ಲ. 2020ರ ನವೆಂಬರಿನಿಂದ ಕೆಲವು ತಿಂಗಳ ಕಾಲ ಬೆಂಗಳೂರಿನ ಚರ್ಚ್ ಸ್ಟ್ರೀಟನ್ನು ವಾರದ ಕೊನೆಯ ದಿನಗಳಲ್ಲಿ ವಾಹನಗಳಿಗೆ ಮುಚ್ಚಿ, ಗಾಳಿಯ ಗುಣ ಹೇಗೆ ಬದಲಾಗುವುದೆಂಬುದನ್ನೂ ಅಳೆದು ನೋಡಿದರು. ಅವಧಿ ಮುಗಿದ ಮೇಲೆ ವಾಹನಗಳು ಮರಳಿದವು. ಇನ್ನು ನಮ್ಮ ಊರೂರಿನ ತೇರುಬೀದಿಯನ್ನು ನೆನೆಯಿರಿ. ತೇರಿನ ದಿನ ಬೀದಿಯಲ್ಲಿ ಗಾಡಿಯಿಲ್ಲ, ಮೋಟಾರಿಲ್ಲ. ಮಕ್ಕಳು, ಮುದುಕರು, ಬತ್ತಾಸು ಮಾರುವವರು ಬೀದಿಯ ನಟ್ಟನಡುವೆ ನಿರ್ಭಯವಾಗಿ ನಿಲ್ಲುತ್ತಾರೆ. ಊರಿನ ವ್ಯವಹಾರ ಅಂದು ಮುಳುಗಿಹೋಗುವುದಿಲ್ಲ. ಅಂದಿನಷ್ಟು ವ್ಯಾಪಾರ ಉಳಿದ ದಿನಗಳಲ್ಲಿ ಆಗುವುದೂ ಇಲ್ಲ. ಚರಂಡಿಯ ದುರಸ್ತಿ ನಾರಿಚ್‌ನವರಿಗೆ ಕಲಿಸಿದ್ದನ್ನು ತೇರು ನಮಗೆ ಪ್ರತಿವರ್ಷವೂ ಕಲಿಸುತ್ತದೆ.

ಪೇಟೆಯ ಬೀದಿಯನ್ನು ತಿದ್ದಹೊರಟವರು ಈ ಎರಡು ಬೀದಿಗಳನ್ನೂ ಒಟ್ಟಿಗೆ ನೋಡಬೇಕು. ಬಣ್ಣ ಹಚ್ಚುವುದರಿಂದ ಆರಂಭಿಸಿದರೆ ತಪ್ಪೇನಿಲ್ಲ. ನೆರೆಯವರು ಒಂದು ಮಾತಿಗೆ ಬರುವುದು ಹಾಗೆಯೇ. ಸಂಚಾರವನ್ನು ಬದಲಿಸುವುದಾದರೆ ಮೊದಲು ಕೆಲವು ಕಾಲ ಮಾಡಿ ನೋಡಲಿ. ನೋಡುವಾಗ ಬಿಡುಗಡೆಯಾದ ಬೀದಿಯನ್ನು ಮಾತ್ರ ಎಣಿಸದೆ, ಭಾರ ಹೊತ್ತ ಬೀದಿಯನ್ನೂ ಎಣಿಸಲಿ. ಮರಳಿ ಸರಿಪಡಿಸಲಾಗದ ಕೆಲಸಕ್ಕೆ ಕೈ ಹಾಕುವ ದಿನ ಬಂದರೆ, ನಕ್ಷೆ ಬರೆದವರು ಆ ನಕ್ಷೆಯನ್ನು ಬದಿಗಿಟ್ಟು, ಗೆರೆ ಹಾದುಹೋಗುವ ಬೀದಿಯಲ್ಲಿ ಒಮ್ಮೆ ಬೆಳಗಿನಿಂದ ಸಂಜೆಯವರೆಗೆ ನಡೆದು ಬರಲಿ.