ರೇಡಿಯೋ ಶಾಲೆಯೂ ಪಕ್ಕದಲ್ಲಿ ಕೂತ ಅಮ್ಮಂದಿರೂ

ತುಂಬಾ ದಿನ ಆಯ್ತು ಈ ಕಡೆ ತಲೆ ಹಾಕಿ. ಆಫೀಸು, ರಿಲೀಸು, ಮತ್ತೆ ಆಫೀಸು.. (ಹಳೇ ನೆಪ, ನಿಮಗೆಲ್ಲ ಗೊತ್ತೇ ಇದೆ). ಇತ್ತೀಚೆಗೆ ಓದಿದ ಒಂದು ಹಳೇ ಕಥೆ ತಲೆಯಿಂದ ಇಳೀತಾನೇ ಇಲ್ಲ. ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ತಗೊಂಡು ಬನ್ನಿ.

2020ರಲ್ಲಿ ಶಾಲೆಗಳೆಲ್ಲ ಮುಚ್ಚಿ, "ಆನ್‌ಲೈನ್ ಕ್ಲಾಸ್" ಅನ್ನೋ ಮಾತು ಅಜ್ಜಿಯರ ಬಾಯಲ್ಲೂ ಓಡಾಡತೊಡಗಿದಾಗ, ಟಿವಿಯವರು ಇದನ್ನ ಇತಿಹಾಸದಲ್ಲೇ ಮೊದಲು ಅಂತ ದಿನಕ್ಕೆ ಹತ್ತು ಸಲ ಹೇಳ್ತಿದ್ರು. ಆದರೆ ಅದಕ್ಕೆ 83 ವರ್ಷ ಮೊದಲೇ ಅಮೆರಿಕದ ಶಿಕಾಗೊ ನಗರದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಕ್ಕಳು ಮನೆಯಲ್ಲೇ ಕೂತು ಪಾಠ ಕೇಳಿದ್ರು. ಇಂಟರ್‌ನೆಟ್ ಇಲ್ಲ, ಟಿವಿ ಇಲ್ಲ. ಇದ್ದದ್ದು ರೇಡಿಯೋ.

1937ರ ಬೇಸಿಗೆಯ ಕೊನೆ. ಶಿಕಾಗೊದಲ್ಲಿ ಪೋಲಿಯೋ ಹರಡೋಕೆ ಶುರುವಾಯ್ತು. ಅಲ್ಲಿ ರಜಾ ಮುಗಿದು ಶಾಲೆ ತೆರೆಯೋದು ಸೆಪ್ಟೆಂಬರಿನಲ್ಲಿ, ಪೋಲಿಯೋ ಜೋರಾಗೋದೂ ಬೇಸಿಗೆಯಲ್ಲೇ. ನಮ್ಮ ತಲೆಮಾರಿನವರಿಗೆ ಪೋಲಿಯೋ ಅಂದ್ರೆ ಬೂತಿಗೆ ಹೋಗಿ ಬಾಯಿಗೆ ಹಾಕಿಸಿಕೊಂಡ ಎರಡು ಹನಿ ಅಷ್ಟೇ. ಆಗಿನ ಅಪ್ಪ ಅಮ್ಮಂದಿರಿಗೆ ಅದು ರಾತ್ರಿ ಜ್ವರ ಅಂತ ಮಲಗಿದ ಮಗು ಬೆಳಿಗ್ಗೆ ಕಾಲೆತ್ತಲಾರದೆ ಏಳುವ ಕಾಯಿಲೆ. ಜೋನಾಸ್ ಸಾಲ್ಕ್‌ರ ಲಸಿಕೆ ಕೆಲಸ ಮಾಡುತ್ತೆ ಅಂತ ಪ್ರಕಟವಾದದ್ದು 1955ರ ಏಪ್ರಿಲ್‌ನಲ್ಲಿ. 1937ರಲ್ಲಿ ಡಾಕ್ಟರುಗಳ ಕೈಲಿದ್ದ ಉಪಾಯ ಒಂದೇ, ಮಕ್ಕಳನ್ನ ಒಟ್ಟಿಗೆ ಸೇರೋಕೆ ಬಿಡದೇ ಇರೋದು. ಶಾಲೆ ತೆರೆಯೋದನ್ನ ಮುಂದಕ್ಕೆ ಹಾಕಿದ್ರು.

ಆಗ ಅಲ್ಲಿನ ಶಾಲೆಗಳ ಸೂಪರಿಂಟೆಂಡೆಂಟ್ ವಿಲಿಯಂ ಜಾನ್ಸನ್. ಪ್ರಾಥಮಿಕ ಶಾಲೆಗಳನ್ನ ನೋಡಿಕೊಳ್ತಿದ್ದವರು ಮಿನ್ನಿ ಫಾಲನ್ ಅನ್ನೋ ಹೆಂಗಸು. ಇವರು ಹೋಗಿ ರೇಡಿಯೋ ಸ್ಟೇಷನ್‌ಗಳನ್ನ ಕೇಳಿದ್ರು, ಆರು ಸ್ಟೇಷನ್‌ಗಳು ಪುಕ್ಕಟೆಯಾಗಿ ಸಮಯ ಕೊಟ್ಟವು. ಸೆಪ್ಟೆಂಬರ್ 13, ಸೋಮವಾರ, ರೇಡಿಯೋ ಶಾಲೆ ಶುರು. ಮೂರರಿಂದ ಎಂಟನೇ ತರಗತಿವರೆಗೆ. ಸೋಮ, ಬುಧ, ಶುಕ್ರ ಸಮಾಜ ಮತ್ತು ವಿಜ್ಞಾನ. ಮಂಗಳ, ಗುರು, ಶನಿ ಇಂಗ್ಲಿಷು ಮತ್ತು ಲೆಕ್ಕ. ಒಂದೊಂದು ಪಾಠ ಹದಿನೈದು ನಿಮಿಷ. ಪಾಠ ಬರೆಯೋಕೆ, ಓದೋಕೆ ಪ್ರತಿ ವಿಷಯಕ್ಕೂ ಮೇಷ್ಟ್ರುಗಳ ಒಂದೊಂದು ತಂಡ. ಬೆಳಿಗ್ಗೆ ಪೇಪರಿನಲ್ಲಿ ಅವತ್ತಿನ ವೇಳಾಪಟ್ಟಿ, ಪ್ರಶ್ನೆಗಳು, ಮನೆಗೆಲಸ ಎಲ್ಲ ಅಚ್ಚಾಗಿ ಬರ್ತಿತ್ತು. ಮಗು ಪೇಪರ್ ಮುಂದಿಟ್ಟುಕೊಂಡು ರೇಡಿಯೋ ತಿರುಗಿಸಿ ಕೂರಬೇಕು, ಉತ್ತರ ಬರೆದಿಡಬೇಕು, ಶಾಲೆ ತೆರೆದ ಮೇಲೆ ಮೇಷ್ಟ್ರಿಗೆ ತೋರಿಸಬೇಕು.

ಇನ್ನೊಂದು ಸಂಗತಿ ಇಲ್ಲಿ ಹೇಳಲೇಬೇಕು. ಈ ಮೇಷ್ಟ್ರುಗಳು ಸುಖದಲ್ಲಿ ಇದ್ದವರಲ್ಲ. ಅದು ಮಹಾ ಆರ್ಥಿಕ ಕುಸಿತದ ಕಾಲ. ನಾಲ್ಕೇ ವರ್ಷದ ಹಿಂದೆ, 1933ರಲ್ಲಿ, ಶಿಕಾಗೊದ ಶಿಕ್ಷಕರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ದುಡ್ಡಿನ ಬದಲು "ಆಮೇಲೆ ಕೊಡ್ತೀವಿ" ಅನ್ನೋ ಚೀಟಿ ಕೈಗೆ ಸಿಕ್ಕಿದ್ದೂ ಉಂಟು. ಅದೇ ವರ್ಷ ಸಾವಿರಕ್ಕೂ ಹೆಚ್ಚು ಶಿಕ್ಷಕರ ಕೆಲಸ ಹೋಗಿತ್ತು. ಅಂಥ ಊರಿನ ಮೇಷ್ಟ್ರುಗಳು ಕೆಲವೇ ದಿನದಲ್ಲಿ, ಯಾವತ್ತೂ ನೋಡಿರದ ಮೈಕಿನ ಮುಂದೆ ನಿಂತು, ಕಣ್ಣಿಗೆ ಕಾಣದ ಕ್ಲಾಸಿಗೆ ಪಾಠ ಮಾಡಿದ್ರು. ನನಗೆ ರೇಡಿಯೋಗಿಂತ ಇದೇ ದೊಡ್ಡದು ಅನ್ಸುತ್ತೆ.

ಸರಿ, ನನ್ನ ತಲೆ ಕೆಡಿಸಿದ್ದು ಇದ್ಯಾವುದೂ ಅಲ್ಲ, ಒಂದು ಟೆಲಿಫೋನು. ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಹದಿನಾರು ಜನ ಮೇಷ್ಟ್ರುಗಳನ್ನ ಫೋನಿನ ಮುಂದೆ ಕೂರಿಸಿದ್ರು. ಮಕ್ಕಳ ಪಾಠದ ಬಗ್ಗೆ ಮನೆಯವರು ಏನಾದ್ರೂ ಕೇಳೋದಿದ್ರೆ ಕೇಳಲಿ ಅಂತ. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆ ಬಂತು! ಗಾಬರಿಯಾಗಿ ಇನ್ನೂ ಐದು ಜನರನ್ನ ತಂದು ಕೂರಿಸಿದ್ರು.

ಯೋಚನೆ ಮಾಡಿ. ರೇಡಿಯೋ ಒಂದು ಕಡೆಯಿಂದ ಮಾತಾಡುತ್ತೆ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಯುಡಿಪಿ ಪ್ಯಾಕೆಟ್ ಇದ್ದ ಹಾಗೆ. ಕಳಿಸಿದವನಿಗೆ ಆ ಕಡೆ ತಲುಪಿತೋ ಇಲ್ಲವೋ ತಿಳಿಯೋದೇ ಇಲ್ಲ. (ಸಾಫ್ಟ್‌ವೇರಿನವರಲ್ಲದವರು ಕ್ಷಮಿಸಿ, ಅಭ್ಯಾಸಬಲ :-) ) ಮೇಷ್ಟ್ರು ಒಂದು ವಾಕ್ಯ ಬೇಗ ಹೇಳಿಬಿಟ್ರೆ ಮಗು ಕೈಯೆತ್ತಿ "ಇನ್ನೊಂದ್ಸಲ ಹೇಳಿ ಸಾರ್" ಅನ್ನೋ ಹಾಗಿಲ್ಲ. ತರಗತಿಯಲ್ಲಾದ್ರೆ ಮೇಷ್ಟ್ರು ನಲವತ್ತು ಮುಖ ನೋಡ್ತಾರೆ, ಹಿಂದಿನ ಬೆಂಚಿನವನು ಕಕ್ಕಾಬಿಕ್ಕಿ ಆಗಿದಾನೆ ಅಂತ ಗೊತ್ತಾಗುತ್ತೆ, ಇನ್ನೊಂದು ಉದಾಹರಣೆ ಕೊಡ್ತಾರೆ. ಆ ಮುಖ ನೋಡೋ ಕೆಲಸ ಈಗ ಯಾರದ್ದಾಯ್ತು? ಅಡುಗೆಮನೆಯಿಂದ ಸೆರಗಲ್ಲಿ, ಅಲ್ಲ, ಅವರದ್ದು ಏಪ್ರನ್ನು, ಕೈ ಒರೆಸಿಕೊಳ್ತಾ ಬಂದು ಪಕ್ಕದಲ್ಲಿ ಕೂತ ಅಮ್ಮನದ್ದು. ಆ ಸಾವಿರ ಕರೆಗಳಿಗೆ ಕಾರಣ ಅದು.

ಆಗಿನ ಪತ್ರಿಕೆಗಳು ಈ ಪ್ರಯೋಗವನ್ನ ಬಹಳ ಹೊಗಳಿದವು. ಆದರೆ ಹೊಗಳಿಕೆಯ ನಡುವೆಯೇ ಅಲ್ಲಲ್ಲಿ ಮಕ್ಕಳ ಗಮನ ನಿಲ್ತಿಲ್ಲ, ವೇಗ ಜಾಸ್ತಿ ಆಯ್ತು, ಮನೆಯವರು ಮೊದಲಿಗಿಂತ ಹೆಚ್ಚು ಜೊತೆಗಿರಬೇಕಾಗುತ್ತೆ ಅನ್ನೋ ಸಾಲುಗಳೂ ಇವೆ. ಕೆಲವರ ಮನೆಯಲ್ಲಿ ಸ್ಟೇಷನ್ ಸರಿಯಾಗಿ ಹಿಡೀತಿರಲಿಲ್ಲ. ಕೆಲವರ ಮನೆಯಲ್ಲಿ ರೇಡಿಯೋನೇ ಇರಲಿಲ್ಲ. ಮೂರು ವಾರ ತುಂಬೋ ಮೊದಲೇ ಶಾಲೆಗಳು ತೆರೆದವು, ರೇಡಿಯೋ ಶಾಲೆ ಮುಗೀತು. ಅದೇ ವರ್ಷ ಅಲ್ಲಿನ ಶಿಕ್ಷಣ ಮಂಡಳಿ ಒಂದು ರೇಡಿಯೋ ಕೌನ್ಸಿಲ್ ಮಾಡಿತು, 1943ರಲ್ಲಿ ಡಬ್ಲ್ಯೂಬಿಇಝಡ್ ಅಂತ ಸ್ವಂತ ಸ್ಟೇಷನ್ನೇ ಶುರು ಮಾಡಿತು. ಯಂತ್ರದ ಕಡೆಯ ಪಾಠವನ್ನ ಚೆನ್ನಾಗಿ ಕಲಿತರು. ಪಕ್ಕದಲ್ಲಿ ಕೂತವರ ಕಡೆಯದ್ದನ್ನ ಅಷ್ಟಾಗಿ ಕಲಿತ ಹಾಗೆ ಕಾಣಲ್ಲ.

ಅದನ್ನ ಕಲಿತವರು ಬೇರೆ ಕಡೆ ಇದ್ರು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನೂರಾರು ಕಿಲೋಮೀಟರ್. ಅಲ್ಲಿ ಶಾಲೆ ಮುಚ್ಚೋ ಮಾತೇ ಇಲ್ಲ, ತೆರೆದಿದ್ರೆ ತಾನೇ? ಅಲ್ಲಿನ ಮಕ್ಕಳಿಗೆ ಮೊದಲು ಅಂಚೆಯಲ್ಲಿ ಪಾಠ ಬರ್ತಿತ್ತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ಹಾರುವ ಡಾಕ್ಟರುಗಳಿಗೆ ಅಂತ ಇದ್ದ ರೇಡಿಯೋ ಜಾಲವನ್ನೇ ಬಳಸಿಕೊಂಡು "ಸ್ಕೂಲ್ ಆಫ್ ದಿ ಏರ್" ಶುರು ಮಾಡಿದ್ರು. ಇದರ ಹಿಂದಿನ ಯೋಚನೆ ಅಡಿಲೇಡ್ ಮೀಥ್ಕೆ ಅನ್ನೋ ಶಿಕ್ಷಕಿಯದ್ದು. ಇದು ಎರಡೂ ಕಡೆಯಿಂದ ಮಾತಾಡೋ ರೇಡಿಯೋ, ಆದ್ದರಿಂದ ಸ್ವಲ್ಪ ಕಾಲದಲ್ಲೇ ಮಕ್ಕಳು ಪ್ರಶ್ನೆ ಕೇಳೋಕೂ ಶುರು ಮಾಡಿದ್ರು. ಆದರೂ ದಿನದ ಬಹುಪಾಲು ಓದು ನಡೀತಿದ್ದದ್ದು ಮನೆಯ ಒಂದು ಮೂಲೆಯಲ್ಲಿ, ಅಂಚೆಯಲ್ಲಿ ಬಂದ ಹಾಳೆಗಳ ಮೇಲೆ. ಅಲ್ಲಿ ಕೂತು ಕಲಿಸೋ ಅಮ್ಮನಿಗೆ ಅವರು ಒಂದು ಹೆಸರು ಕೊಟ್ಟಿದ್ದಾರೆ, ಹೋಮ್ ಟ್ಯೂಟರ್. ಸಂಬಳದ ಮಾತು ಬೇರೆ. ಆದರೆ ಮಾಡೋ ಕೆಲಸಕ್ಕೆ ಒಂದು ಹೆಸರಾದ್ರೂ ಇದೆ.

ಈಗ ನಮ್ಮ ಕಡೆಗೆ ಬರ್ತೀನಿ.

ನಮ್ಮಲ್ಲಿ 2020ರ ಮಾರ್ಚಿನಲ್ಲಿ ಮುಚ್ಚಿದ ಪ್ರಾಥಮಿಕ ತರಗತಿಗಳು, ಒಂದರಿಂದ ಐದು, ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಶಿಕಾಗೊದ್ದು ಮೂರು ವಾರಕ್ಕೂ ಕಮ್ಮಿ. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಒಂದನೇ ಕ್ಲಾಸಿನ ಬೆಂಚನ್ನೇ ನೋಡದೆ ಎರಡನೇ ಕ್ಲಾಸಿನಲ್ಲಿ ಹೋಗಿ ಕೂತಿತು.

ಈ ನಡುವೆ ಏನೇನಾಯ್ತು ಅನ್ನೋದು ಈಗಲೇ ಮರೆತುಹೋಗ್ತಿದೆ. 2020ರ ಜೂನ್‌ನಲ್ಲಿ ಸರ್ಕಾರ ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠವೇ ಬೇಡ ಅಂತು, ಮೊದಲು ಐದನೇ ಕ್ಲಾಸಿನವರೆಗೆ, ಆಮೇಲೆ ಏಳರವರೆಗೆ. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅದೇ ಜುಲೈನಲ್ಲಿ ದೂರದರ್ಶನ ಚಂದನದಲ್ಲಿ ಹೈಸ್ಕೂಲಿನವರಿಗೆ "ಸಂವೇದ" ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ "ವಿದ್ಯಾಗಮ" ಬಂತು. ಮೇಷ್ಟ್ರುಗಳೇ ಹಳ್ಳಿಗಳಿಗೆ ಹೋಗಿ ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳು ಅಂತ ಮಕ್ಕಳನ್ನ ಕೂರಿಸಿ ಕಲಿಸೋದು. ಸ್ಮಾರ್ಟ್‌ಫೋನ್ ಇರೋರು, ಬರೀ ಮಾತಾಡೋ ಫೋನ್ ಇರೋರು, ಏನೂ ಇಲ್ಲದೋರು ಅಂತ ಮಕ್ಕಳನ್ನ ಮೂರು ಗುಂಪು ಮಾಡಿದ್ರು. ನನ್ನ ಮಟ್ಟಿಗೆ ಆ ಹತ್ತೊಂಬತ್ತು ತಿಂಗಳಲ್ಲಿ ಯಾರಾದ್ರೂ ಮಾಡಿದ ಅತ್ಯಂತ ಪ್ರಾಮಾಣಿಕ ಪಟ್ಟಿ ಇದು. ಶಿಕ್ಷಕರಿಗೆ ಸೋಂಕು ತಗುಲಿ ಸಾವುಗಳಾದಾಗ ಅಕ್ಟೋಬರ್‌ನಲ್ಲಿ ಅದನ್ನ ನಿಲ್ಲಿಸಿದ್ರು.

ಆ ಮೂರನೇ ಗುಂಪಿನ ಅಪ್ಪ ಅಮ್ಮಂದಿರ ಎರಡು ಸುದ್ದಿ ನಿಮಗೂ ನೆನಪಿರಬಹುದು. ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ, ಮಕ್ಕಳು ಚಂದನದ ಪಾಠ ನೋಡೋಕೆ ಪಕ್ಕದ ಮನೆಗೆ ಹೋಗಬೇಕಾಗುತ್ತೆ ಅಂತ, ಕೊರಳಿನ ತಾಳಿ ಅಡವಿಟ್ಟು ಟಿವಿ ತಂದ್ರು. ಮಾರನೇ ವರ್ಷ, 2021ರ ಜೂನ್‌ನಲ್ಲಿ, ಸುಳ್ಯ ತಾಲೂಕಿನ ಒಂದು ಹಳ್ಳಿಯ ಫೋಟೋ ಎಲ್ಲ ಕಡೆ ಓಡಾಡಿತು. ಮನೆಯಲ್ಲಿ ನೆಟ್‌ವರ್ಕ್ ಸಿಗಲ್ಲ ಅಂತ ರಸ್ತೆ ಬದಿಯಲ್ಲಿ ಕೂತು ಕ್ಲಾಸ್ ಕೇಳ್ತಿರೋ ಹುಡುಗಿ, ಸುರಿಯೋ ಮಳೆಯಲ್ಲಿ ಅವಳ ತಲೆ ಮೇಲೆ ಕೊಡೆ ಹಿಡಿದು ನಿಂತ ಅಪ್ಪ. ಎಲ್ಲರೂ "ಎಂಥಾ ಅಪ್ಪ!" ಅಂತ ಹಂಚಿಕೊಂಡ್ರು. ನನಗೆ ಆ ಹೊಗಳಿಕೆಗಳನ್ನ ಓದೋವಾಗ ಸಿಟ್ಟು ಬರ್ತಿತ್ತು. ಟವರ್ ಇದ್ದಿದ್ರೆ ಆ ಮನುಷ್ಯ ಕೊಡೆ ಹಿಡೀಬೇಕಾಗಿರಲಿಲ್ಲ ಅಲ್ವಾ? ಅಡವಿಟ್ಟ ತಾಳಿ, ಮಳೆಯಲ್ಲಿ ನೆನೆದ ಅಂಗಿ, ಇವೆಲ್ಲ ಶಾಲೆಯ ಖರ್ಚೇ. ಯಾರದೋ ಲೆಕ್ಕದಿಂದ ಇವರ ಲೆಕ್ಕಕ್ಕೆ ಬಂದು ಬಿದ್ದಿದ್ದು.

ನಮ್ಮನೇದೂ ಒಂದು ಹೇಳ್ತೀನಿ. ನಮ್ಮಕ್ಕ ಪಿಯುಸಿ, ಕನ್ನಡ ಮೀಡಿಯಂ. ಅವಳ ಮಗ ಆಗ ಮೂರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಮನೆಯಲ್ಲಿದ್ದದ್ದು ಭಾವನ ಒಂದೇ ಸ್ಮಾರ್ಟ್‌ಫೋನು, ಅದು ಅವರ ಜೊತೆ ಬೆಳಿಗ್ಗೆ ಗಾಡಿ ಹತ್ತಿದ್ರೆ ಬರೋದು ರಾತ್ರಿ ಎಂಟಕ್ಕೆ. ಎಂಟರ ಮೇಲೆ ವಾಟ್ಸಾಪ್‌ನಲ್ಲಿ ಬಂದು ಬಿದ್ದಿದ್ದ ಪಾಠಗಳನ್ನೆಲ್ಲ ತೆಗೆದು, ನಿದ್ದೆಗಣ್ಣಿನ ಹುಡುಗನನ್ನ ಕೂರಿಸಿಕೊಂಡು ಶುರು ಮಾಡೋಳು. ನಾನು ಕೆಲಸಕ್ಕೆ ಸೇರಿ ಇನ್ನೂ ಒಂದು ವರ್ಷ, ಮನೆಯಿಂದಲೇ ಕೆಲಸ. ಒಂಬತ್ತೂವರೆಗೆ ಫೋನ್ ಬರೋದು.

"ಲೋ, ನ್ಯೂಮರೇಟರ್ ಅಂದ್ರೆ ಅಂಶನಾ ಛೇದನಾ?"

"ಅಂಶ ಕಣೇ ಅಕ್ಕ. ಮೇಲಿರೋದು."

"ಹಾಗಂತ ಮೊದಲೇ ಹೇಳಿದ್ರೆ ಆಗ್ತಿತ್ತಲ್ಲ ಆ ಮಿಸ್ಸು. ನಂಗೆ ಗೊತ್ತಿರೋ ಲೆಕ್ಕಾನೇ ಇದು!"

ಈ ಕೊನೇ ಮಾತನ್ನ ನಾನು ಮರೆತಿಲ್ಲ. ಭಿನ್ನರಾಶಿ ಅವಳಿಗೆ ಚೆನ್ನಾಗೇ ಬರ್ತಿತ್ತು. ಚಪಾತಿ ನಾಲ್ಕು ಭಾಗ ಮಾಡಿ ಮಗನಿಗೆ ತೋರಿಸಿದ್ಲು ಕೂಡ. ಅವಳಿಗೂ ಆ ಪಾಠಕ್ಕೂ ನಡುವೆ ಇದ್ದದ್ದು ಒಂದು ಇಂಗ್ಲಿಷ್ ಪದ ಅಷ್ಟೇ. ಆ ಶಾಲೆಯವರು ದಿನಾ ವಿಡಿಯೋ ಕಳಿಸಿದ್ರು, ಫೀಸಿನ ನೆನಪೋಲೆಯನ್ನೂ ತಪ್ಪದೇ ಕಳಿಸಿದ್ರು. "ಮನೆಯಲ್ಲಿ ಕಲಿಸೋರು ಯಾರು, ಅವರಿಗೆ ಏನು ಬೇಕು" ಅಂತ ಒಂದು ದಿನವೂ ಕೇಳಲಿಲ್ಲ. ಶಿಕಾಗೊದಲ್ಲಿ ಇಪ್ಪತ್ತೊಂದು ಮೇಷ್ಟ್ರುಗಳು ಮಾಡಿದ ಕೆಲಸ ನಮ್ಮನೆಯಲ್ಲಿ ಪುಕ್ಕಟೆ ತಮ್ಮನ ಪಾಲಿಗೆ ಬಂತು :-) ತಮ್ಮ ಇಂಜಿನಿಯರ್ ಅಲ್ಲದ ಮನೆಗಳೇ ಜಾಸ್ತಿ.

2020ರ ಅಸರ್ ಸಮೀಕ್ಷೆ ಪ್ರಕಾರ, ದೇಶದ ಹಳ್ಳಿಗಳಲ್ಲಿ ಶಾಲೆಗೆ ಸೇರಿದ ಮಕ್ಕಳಿದ್ದ ಮನೆಗಳ ಪೈಕಿ ಸ್ಮಾರ್ಟ್‌ಫೋನ್ ಇದ್ದದ್ದು ಶೇಕಡ 61.8. ಎರಡೇ ವರ್ಷದ ಹಿಂದೆ ಅದು 36.5. ಈ ಅಂಕಿಯನ್ನ ಎಲ್ಲ ಪೇಪರುಗಳೂ ಹಾಕಿದವು. ಅದೇ ವರದಿಯಲ್ಲಿ ಸುಮಾರು ಮುಕ್ಕಾಲು ಭಾಗ ಮಕ್ಕಳಿಗೆ ಮನೆಯವರು ಯಾರಾದರೂ ಓದಿನಲ್ಲಿ ಸಹಾಯ ಮಾಡ್ತಿದ್ರು ಅಂತಲೂ ಇತ್ತು. ಅಂದ್ರೆ ಸ್ಮಾರ್ಟ್‌ಫೋನಿಗಿಂತ ಹೆಚ್ಚು ಮನೆಗಳಲ್ಲಿ ಸಿಕ್ಕಿದ್ದು ಅಮ್ಮ, ಅಪ್ಪ, ಅಕ್ಕ, ಅಣ್ಣ. ಅಷ್ಟೆಲ್ಲ ಆದರೂ, ಎರಡನೇ ತರಗತಿಯ ಪಾಠವನ್ನ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ಶೇಕಡ 27.3 ಇದ್ದದ್ದು 2022ಕ್ಕೆ 20.5ಕ್ಕೆ ಇಳೀತು. ಮನೆಯವರು ಕೂತಿರದಿದ್ರೆ ಅದು ಎಲ್ಲಿಗೆ ಇಳೀತಿತ್ತೋ.

ಅಂದ ಹಾಗೆ, ಅಕ್ಕನ ಮಗ ಈಗ ಹೈಸ್ಕೂಲು. ಅವನ ಮೂರನೇ ಕ್ಲಾಸಿನ ಲೆಕ್ಕದ ನೋಟ್‌ಬುಕ್ಕನ್ನ ಅಕ್ಕ ಇನ್ನೂ ಇಟ್ಟಿದ್ದಾಳೆ. ಅರ್ಧದಷ್ಟು ಅಕ್ಷರ ಅವಳದ್ದೇ. ಅಂಚಿನಲ್ಲಿ ಪೆನ್ಸಿಲಿನಲ್ಲಿ ನ್ಯೂಮರೇಟರ್ - ಅಂಶ, ಡಿನಾಮಿನೇಟರ್ - ಛೇದ, ರಿಮೈಂಡರ್ - ಶೇಷ ಅಂತ ಪುಟ ಪುಟಕ್ಕೂ ಇದೆ. ನಿಮ್ಮನೆಗಳಲ್ಲೂ ಇಂಥವು ಇದ್ರೆ ರದ್ದಿಗೆ ಹಾಕಬೇಡಿ ದಯವಿಟ್ಟು. ಯಾರು ಕೂತು ಕಲಿಸಿದ್ರು, ಎಷ್ಟು ಹೊತ್ತಿಗೆ, ಯಾರ ಫೋನಿನಲ್ಲಿ ಅಂತ ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆದಿಡಿ. ನಾನು ಬಂದು ಓದ್ತೀನಿ.