ಓಬವ್ವನ ಮುಖ

ಚಿತ್ರದುರ್ಗದ ನಾಯಕರ ಚರಿತ್ರೆ ತೊಡಗುವುದು ಏಳುಸುತ್ತಿನ ಕೋಟೆಯಲ್ಲಲ್ಲ, ಹೊಳಲ್ಕೆರೆಯಲ್ಲಿ. ವಿಜಯನಗರದ ಅರಸರಿಂದ ಮತ್ತಿ ತಿಮ್ಮಣ್ಣನಾಯಕ ಮೊದಲು ಪಡೆದದ್ದು ಹೊಳಲ್ಕೆರೆಯ ನಾಯಕತನ. ಹಿರಿಯೂರು, ದುರ್ಗಗಳು ಆಮೇಲೆ ಅವನ ಕೈಸೇರಿದವು. ಎರಡು ಶತಮಾನಗಳಿಗೂ ಮಿಕ್ಕಿ ಆಳಿದ ಆ ಪಾಳೆಯಪಟ್ಟು 1779ರಲ್ಲಿ ಹೈದರಾಲಿಯ ವಶವಾಯಿತು. ಈ ಸೀಮೆಯವರು ನಾಯಕರ ಸಾಲಿನಲ್ಲಿ ಒಂದೆರಡು ಹೆಸರು ಮರೆತಾರು, ಓಬವ್ವನನ್ನು ಮರೆಯರು. ಕಾವಲುಗಾರ ಮುದ್ದಹನುಮನ ಹೆಂಡತಿ, ಛಲವಾದಿ ಕುಲದ ಹೆಣ್ಣು. ಗಂಡ ಉಣ್ಣಲು ಕುಳಿತ ಹೊತ್ತಿನಲ್ಲಿ ಕಿಂಡಿಯೊಳಗಿಂದ ತೆವಳಿ ಬಂದ ಶತ್ರುಗಳನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದು, ಹೆಣಗಳನ್ನು ಪಕ್ಕಕ್ಕೆಳೆದವಳು. ಕಿಂಡಿ ಉಳಿಯಿತು, ಕಥೆ ಉಳಿಯಿತು. ಅವಳ ಕಾಲದವರು ಬಿಡಿಸಿದ ಚಿತ್ರವೊಂದೂ ಉಳಿಯಲಿಲ್ಲ. ಕಾವಲುಗಾರನ ಹೆಂಡತಿಯ ಚಿತ್ರ ಬರೆಸುವವರು ಯಾರಿದ್ದರು?

ಆ ಮುಖ ಒದಗಿದ್ದು ಬಳ್ಳಾರಿಯಿಂದ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಆ ಊರಿನಲ್ಲಿ 1945ರಲ್ಲಿ ಹುಟ್ಟಿದ ಕಮಲಕುಮಾರಿ, ಮದರಾಸಿನಲ್ಲಿ ನೃತ್ಯ ಕಲಿಯುತ್ತಿದ್ದಾಗ ನಿರ್ದೇಶಕ ವೈ.ಆರ್. ಸ್ವಾಮಿಯವರ ಕಣ್ಣಿಗೆ ಬಿದ್ದರು. 1963ರ ‘ಜೇನುಗೂಡು’ ಚಿತ್ರದಿಂದ ಅವರು ಜಯಂತಿ. ಮರುವರ್ಷವೇ ದುರ್ಗದ ಋಣ ಶುರುವಾಯಿತು. ದುರ್ಗದ ಸೀಮೆಯ ತಳುಕಿನ ಮನೆತನದ ತ.ರಾ. ಸುಬ್ಬರಾಯರು, ನಮ್ಮೆಲ್ಲರ ತರಾಸು, ಬರೆದ ‘ಚಂದವಳ್ಳಿಯ ತೋಟ’ವನ್ನು ಟಿ.ವಿ. ಸಿಂಗ್ ಠಾಕೂರ್ ತೆರೆಗೆ ತಂದರು; ರಾಜಕುಮಾರ್, ಉದಯಕುಮಾರ್ ಇದ್ದ ಆ ಚಿತ್ರದಲ್ಲಿ ಜಯಂತಿಯೂ ಇದ್ದರು. ರಾಜಕುಮಾರರ ಜೊತೆ ಮುಂದೆ ನಲವತ್ತಕ್ಕೂ ಹೆಚ್ಚು ಚಿತ್ರಗಳಾದವು. ತಮಿಳಿನಲ್ಲಿ ಕೆ. ಬಾಲಚಂದರ್, ‘ಎದಿರ್ ನೀಚಲ್’, ‘ಇರು ಕೋಡುಗಳ್’.

1965ರ ‘ಮಿಸ್ ಲೀಲಾವತಿ’ಯಲ್ಲಿ ಅವರು ಈಜುಡುಗೆ ತೊಟ್ಟು ತೆರೆಯ ಮೇಲೆ ಬಂದಾಗ ಕನ್ನಡ ಚಿತ್ರರಂಗ ಅಂಥದ್ದನ್ನು ಕಂಡೇ ಇರಲಿಲ್ಲ. ಆಧುನಿಕ ಹುಡುಗಿಯ ಪಾತ್ರಕ್ಕೆ ಬೇಕಾದದ್ದನ್ನು ಅಳುಕದೆ ಮಾಡಿದ ನಟಿಯೇ ಏಳು ವರ್ಷಗಳ ಮೇಲೆ ಕಚ್ಚೆ ಕಟ್ಟಿ ಒನಕೆ ಹಿಡಿದರು.

ಅದು ಪುಟ್ಟಣ್ಣ ಕಣಗಾಲರ ‘ನಾಗರಹಾವು’. ತರಾಸು ಅವರ ಮೂರು ಕಾದಂಬರಿಗಳನ್ನು ಬೆಸೆದ ಕಥೆ, ಎನ್. ವೀರಾಸ್ವಾಮಿಯವರ ನಿರ್ಮಾಣ, ದುರ್ಗದ ಬಂಡೆಗಳ ನಡುವೆಯೇ ಚಿತ್ರೀಕರಣ. 1972ರ ಡಿಸೆಂಬರ್ ಕೊನೆಗೆ ಬಿಡುಗಡೆ. ವಿಷ್ಣುವರ್ಧನ್ ರಾಮಾಚಾರಿಯಾಗಿ ಮೇಲೆದ್ದರು, ಅಶ್ವತ್ಥರ ಚಾಮಯ್ಯ ಮೇಷ್ಟ್ರು ಮನೆಮಾತಾದರು. ಇವರ ನಡುವೆ ಜಯಂತಿಯವರದು ಅತಿಥಿ ಪಾತ್ರ. ಪಿ.ಬಿ. ಶ್ರೀನಿವಾಸರ ಕಂಠದ ಒಂದೇ ಒಂದು ಹಾಡು. ಅಷ್ಟರಲ್ಲೇ ಅಂಬಲಿಯ ಮನೆಯ ಹೆಂಡತಿ ಕಾಳಿಯಾಗುವುದನ್ನು ಅವರು ತೋರಿಸಿದರು. ಮೊದಲ ಹೊಡೆತಕ್ಕೂ ಮುಂಚಿನ ಆ ಕಣ್ಣುಗಳನ್ನು ನೋಡಬೇಕು: ಹೆದರಿಕೆ ಬಂದು, ಹೋಗಿ, ಅದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ಒಂದು ಹಾಡಿನ ಅವಧಿಗೆ ಬಂದುಹೋದ ಪಾತ್ರವೊಂದು ಒಂದು ಜಿಲ್ಲೆಯ ನೆನಪನ್ನೇ ರೂಪಿಸಿದ ಇನ್ನೊಂದು ಉದಾಹರಣೆ ಕನ್ನಡದಲ್ಲಿ ನನಗೆ ಕಾಣದು. ತರಾಸು ಅವರಿಗೆ ಚಿತ್ರ ರುಚಿಸಲಿಲ್ಲ. ಕಾದಂಬರಿಕಾರನ ಆ ನೋವು ನ್ಯಾಯವಾದದ್ದೇ. ಆದರೂ ಓಬವ್ವ ಎಂದೊಡನೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಜನರ ಕಣ್ಣಮುಂದೆ ನಿಲ್ಲುವುದು ಜಯಂತಿಯೇ.

ಮರುವರ್ಷ ಪುಟ್ಟಣ್ಣನವರೇ ‘ಎಡಕಲ್ಲು ಗುಡ್ಡದ ಮೇಲೆ’ಯಲ್ಲಿ ಅವರಿಗೆ ಮಾಧವಿಯನ್ನು ಕೊಟ್ಟರು. ಯುದ್ಧದಲ್ಲಿ ಗಾಯಗೊಂಡು ದಾಂಪತ್ಯಸುಖ ನೀಡಲಾರದ ಗಂಡ, ಮನಸ್ಸು ಸೆಳೆಯುವ ತರುಣ, ನಡುವೆ ಬೇಯುವ ಹೆಣ್ಣು. ರಾಜ್ಯ ಸರ್ಕಾರದ ಶ್ರೇಷ್ಠ ನಟಿ ಪ್ರಶಸ್ತಿ ಬಂತು. ನಾಡು ‘ಅಭಿನಯ ಶಾರದೆ’ ಎಂದು ಕರೆಯಿತು. ಓಬವ್ವನ ಧೈರ್ಯ ಆಡಲು ಕಷ್ಟವಾದರೆ, ಮಾಧವಿಯ ತಪ್ಪನ್ನು ತಪ್ಪೆಂದು ಮರೆಮಾಚದೆ ಆಡುವುದು ಅದಕ್ಕಿಂತ ಕಷ್ಟ.

ನಾಯಕಿಯ ವಯಸ್ಸು ದಾಟಿದವರಿಗೆ ಕನ್ನಡದಲ್ಲಿ ಆಗ ಉಳಿಯುತ್ತಿದ್ದದ್ದು ತಾಯಿಯ ಪಾತ್ರ. ಹಾಲಿವುಡ್ಡಿನ ಬಾರ್ಬರಾ ಸ್ಟಾನ್‌ವಿಕ್ ‘ಮಿಸ್ ಲೀಲಾವತಿ’ ಬಂದ 1965ರಲ್ಲೇ, ಐವತ್ತೆಂಟರ ವಯಸ್ಸಿನಲ್ಲಿ, ‘ದಿ ಬಿಗ್ ವ್ಯಾಲಿ’ ಟಿ.ವಿ. ಧಾರಾವಾಹಿಯ ಯಜಮಾನಿಯಾಗಿ ಮೆರೆದರು. ಇಲ್ಲಿ ಆ ದಾರಿಯಿರಲಿಲ್ಲ, ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಜಯಂತಿ ಸಿನಿಮಾದಲ್ಲೇ ದಾರಿ ಮಾಡಿಕೊಂಡರು. 1985ರ ‘ಮಸಣದ ಹೂವು’ ಮತ್ತೆ ತರಾಸು ಕಾದಂಬರಿ, ಮತ್ತೆ ಪುಟ್ಟಣ್ಣ, ಸೂಳೆಗೇರಿಯ ಕಥೆ. ತರಾಸು 1984ರಲ್ಲೇ ತೀರಿಕೊಂಡಿದ್ದರು. ಚಿತ್ರ ಮುಗಿಯುವ ಮುನ್ನ ಪುಟ್ಟಣ್ಣನವರೂ ಹೋದರು. ಕೆ.ಎಸ್.ಎಲ್. ಸ್ವಾಮಿ ಅದನ್ನು ಪೂರ್ತಿ ಮಾಡಿದರು. ದುರ್ಗದ ಲೇಖಕ ಮತ್ತು ಕಣಗಾಲಿನ ನಿರ್ದೇಶಕ ಇಬ್ಬರನ್ನೂ ಕಳೆದುಕೊಂಡ ಆ ಚಿತ್ರವನ್ನು ಜಯಂತಿ ತಮ್ಮ ಹೆಗಲ ಮೇಲೆ ಹೊತ್ತರು.

2021ರ ಜುಲೈ 26ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷದ ನವೆಂಬರ್ 11ರಂದು ರಾಜ್ಯ ಸರ್ಕಾರ ಮೊದಲ ಸಲ ಒನಕೆ ಓಬವ್ವನ ಜಯಂತಿಯನ್ನು ನಾಡಿನಾದ್ಯಂತ ಆಚರಿಸಿತು.